ರೋಲರ್ ಡರ್ಬಿ ಪಂದ್ಯವನ್ನು ನೋಡಲು ಹೋಗುವ ತಾಯಿತಂದೆಗಳಿಗೆ

ಬನಶಂಕರಿ ಎರಡನೆಯ ಹಂತದ ನಮ್ಮ ವಾಚಕಿಯೊಬ್ಬರು ಕಳೆದ ತಿಂಗಳು ನಮಗೊಂದು ಕಾಗದವನ್ನು ಬರೆದಿರುತ್ತಾರೆ. ಅದರ ಸಾರಾಂಶವಿಷ್ಟು: ಅವರ ಮಗಳು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಉದ್ಯೋಗದಲ್ಲಿದ್ದಾಳೆ. ಅವಳನ್ನು ಕಂಡುಬರಲು ದಂಪತಿಗಳಿಬ್ಬರೂ ಕೆಲವು ತಿಂಗಳ ಮಟ್ಟಿಗೆ ಹೊರಟಿರುವರು. "ನೀವು ಬಂದಾಗಲೇ ನಮ್ಮ ಟೂರ್ನಮೆಂಟು ನಡೆಯುತ್ತದೆ, ಇಬ್ಬರೂ ಬಂದು ನೋಡಲೇಬೇಕು" ಎಂದು ಮಗಳ ಹಟ. ಆಟದ ಹೆಸರು ರೋಲರ್ ಡರ್ಬಿ. ಅವಳು ಕಳುಹಿಸಿದ ವಿಡಿಯೋವನ್ನು ಎರಡು ನಿಮಿಷ ನೋಡಿದ ಯಜಮಾನರು, "ಇದು ಆಟವಲ್ಲ, ನಲ್ಲಿಯ ಹತ್ತಿರದ ಜಗಳ, ನಾನಂತೂ ಬರುವುದಿಲ್ಲ" ಎಂದುಬಿಟ್ಟರಂತೆ. ಹೋಗಬಹುದೇ, ಹೋದರೆ ಎಲ್ಲಿ ಕುಳಿತುಕೊಳ್ಳಬೇಕು, ಏನನ್ನು ಉಡಬೇಕು, ಹೆತ್ತ ಕೂಸು ಕಣ್ಣೆದುರಿಗೆ ಬೀಳುವುದನ್ನು ಹೇಗೆ ನೋಡಬೇಕು ಎಂದು ಆ ತಾಯಿ ಕೇಳಿದ್ದಾರೆ. ಕಾಗದದ ಕೊನೆಯಲ್ಲಿ, ಸಹಿಯ ಮೇಲೆ, ಒಂದೇ ಒಂದು ಸಾಲು ಇದೆ: "ಎಂಟನೆಯ ತರಗತಿಯಲ್ಲಿ ಅವಳ ಸ್ಕೇಟುಗಳನ್ನು ಅಟ್ಟಕ್ಕೆ ಹಾಕಿದವಳು ನಾನೇ."

ಈ ಸಾಲನ್ನು ಓದಿ ನಾವು ಸ್ವಲ್ಪ ಹೊತ್ತು ಕಾಗದವನ್ನು ಮಡಿಸಲಾರದೆ ಹೋದೆವು. ಜಯನಗರ, ಜೆ. ಪಿ. ನಗರ, ಬನಶಂಕರಿಗಳಲ್ಲಿ ಬೆಳಗಿನ ಹೊತ್ತು ತಿರುಗಾಡುವವರೆಲ್ಲರೂ ಕಂಡ ನೋಟವೊಂದಿದೆ. ತಲೆಗೆ ಹೆಲ್ಮೆಟ್, ಮೊಣಕಾಲಿಗೆ ಮೊಣಕೈಗೆ ಪ್ಯಾಡುಗಳನ್ನು ಕಟ್ಟಿಕೊಂಡ ಪುಟ್ಟ ಮಕ್ಕಳು ಕಾಲಿಗೆ ಗಾಲಿಗಳನ್ನು ತೊಟ್ಟು, ಬಾತುಕೋಳಿಗಳಂತೆ ಸಾಲಾಗಿ ಸಾಗುವುದು. ಬದಿಯಲ್ಲಿ ನೀರಿನ ಬಾಟಲಿಯನ್ನು ಹಿಡಿದು ನಿಂತ ತಾಯಂದಿರು. ಆ ಸಾಲಿನಲ್ಲಿ ಹೆಣ್ಣುಮಕ್ಕಳೂ ಧಾರಾಳವಾಗಿ ಇರುತ್ತಾರೆ. ಆದರೆ ಹನ್ನೆರಡು ಹದಿಮೂರು ವರ್ಷ ತುಂಬುತ್ತಲೇ ಅವರಲ್ಲಿ ಅನೇಕರು ಕಾಣೆಯಾಗುವರು. ಟ್ಯೂಷನ್, ಎಸ್. ಎಸ್. ಎಲ್. ಸಿ., ಸಮಯವಿಲ್ಲ ಎಂಬವು ಬಾಯಲ್ಲಿ ಹೇಳುವ ಕಾರಣಗಳು. ಕೈಕಾಲು ಮುರಿದುಕೊಂಡರೆ ನಾಳೆ ಗತಿಯೇನು ಎಂಬುದು ಹೇಳದೆ ಇರುವ ಕಾರಣ. ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ಅಟ್ಟಕ್ಕೆ ಹಾಕಿದ ಸ್ಕೇಟುಗಳು ಏಳು ಸಮುದ್ರದಾಚೆ ಮತ್ತೆ ಕಾಲಿಗೆ ಬಂದಿರುವಾಗ, ನೋಡಲು ಬನ್ನಿ ಎಂಬ ಕರೆ ಬರಿಯ ಆಟದ ಕರೆಯಲ್ಲ. ಆದುದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಈ ಒಂದು ಪ್ರಶ್ನೆಗೇ ಮೀಸಲಿಟ್ಟಿದ್ದೇವೆ. ಹೊರದೇಶದಲ್ಲಿ ಹೆಣ್ಣುಮಕ್ಕಳಿರುವ ಇತರ ವಾಚಕರಿಗೂ ಇದು ಉಪಯೋಗವಾದೀತು.

ಮೊದಲು ಆಟದ ಪೂರ್ವೋತ್ತರ. 1935ನೆಯ ಇಸವಿ ಆಗಸ್ಟ್ 13ರಂದು ಶಿಕಾಗೋ ನಗರದ ಕೊಲಿಸಿಯಮ್ ಎಂಬ ಸಭಾಂಗಣದಲ್ಲಿ ಲಿಯೋ ಸೆಲ್ಟ್‌ಜರ್ ಎಂಬ ವ್ಯವಹಾರಸ್ಥನು ಇದನ್ನು ಆರಂಭಿಸಿದನು. ಆಗ ಅದು ಕೇವಲ ಓಟದ ಪಂದ್ಯವಾಗಿದ್ದಿತು: ಗಂಡೊಬ್ಬ ಹೆಣ್ಣೊಬ್ಬಳು ಜೊತೆಯಾಗಿ, ಸರದಿಯ ಮೇಲೆ, ಅಮೆರಿಕ ದೇಶದ ಒಂದು ಕಡಲಿನಿಂದ ಇನ್ನೊಂದು ಕಡಲಿಗಿರುವಷ್ಟು ದೂರವನ್ನು ಒಂದೇ ಕಟ್ಟಡದೊಳಗೆ ಸುತ್ತಿ ಸುತ್ತಿ ಮುಗಿಸುವುದು. ಮುಂದೆ ಹೋಗಲು ನುಗ್ಗಾಡುವವರನ್ನು ನೋಡುವುದರಲ್ಲಿಯೇ ಜನಕ್ಕೆ ಹೆಚ್ಚು ಆಸಕ್ತಿಯಿದ್ದುದರಿಂದ, ನುಗ್ಗಾಟವೇ ಕ್ರಮೇಣ ಆಟವಾಯಿತು. ಅಂದಿನಿಂದಲೂ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಎಂಬ ಎರಡು ನಿಯಮಗಳು ಇದರಲ್ಲಿ ಇರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ನಡುವೆ ಅದು ದೂರದರ್ಶನದ ತಮಾಷೆಯಾಗಿ ಮಾರ್ಪಟ್ಟು, ಕಾಲಕ್ರಮದಲ್ಲಿ ನಂದಿಹೋಯಿತು.

ಈಗಿನ ಆಟ ಮರುಹುಟ್ಟು ಪಡೆದುದು 2001ರಲ್ಲಿ, ಟೆಕ್ಸಾಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿ. ಅಲ್ಲಿಯ ಹೆಂಗಸರು ತಾವೇ ಕೂಡಿ ತಂಡಗಳನ್ನು ಕಟ್ಟಿ, ಲೆಕ್ಕಪತ್ರದಿಂದ ಹಿಡಿದು ಟಿಕೆಟು ಹರಿಯುವವರೆಗೆ ಎಲ್ಲವನ್ನೂ ತಾವೇ ನಡೆಸಿದರು. ಹಿಂದಿನ ಕಾಲದಲ್ಲಿ ಇಳಿಜಾರಾಗಿ ಕಟ್ಟಿದ ಮರದ ಪಥ ಬೇಕಾಗುತ್ತಿದ್ದಿತು. ಅದಕ್ಕೆ ತಗಲುವ ಖರ್ಚು ಕಡಿಮೆಯಲ್ಲ. ಸಮತಲವಾದ ನೆಲದ ಮೇಲೆ ಹಗ್ಗವನ್ನು ಅಂಟುಪಟ್ಟಿಯಿಂದ ಅಂಟಿಸಿ ಅಂಡಾಕಾರದ ಗೆರೆ ಎಳೆದರೂ ಆಟ ನಡೆಯುವುದೆಂದು ಕಂಡುಕೊಂಡ ಮೇಲೆ, ಅದು ಊರಿಂದೂರಿಗೆ ಹಬ್ಬಿತು. 2004ರಲ್ಲಿ ಕೂಡಿದ ತಂಡಗಳ ಒಕ್ಕೂಟವೇ ಇಂದು ನಿಯಮಗಳನ್ನು ಗೊತ್ತುಮಾಡುವ ಮಹಿಳಾ ಸಂಘವಾಗಿದೆ. ನಮ್ಮ ವಾಚಕಿಯ ಮಗಳಿರುವ ಪೋರ್ಟ್‌ಲ್ಯಾಂಡ್ ಈ ಆಟಕ್ಕೆ ದೊಡ್ಡ ಹೆಸರು. ಅಲ್ಲಿಯ ರೋಸ್ ಸಿಟಿ ರೋಲರ್ಸ್ ತಂಡದವರು 2015, 2016, 2018, 2019 ಈ ನಾಲ್ಕು ವರ್ಷಗಳಲ್ಲಿ ಸಂಘದ ಪರಮೋಚ್ಚ ಪಾರಿತೋಷಕವನ್ನು ಗೆದ್ದರು. ನಡುವೆ 2017ರಲ್ಲಿ ಅದನ್ನು ಅಮೆರಿಕದಾಚೆಗೆ ಮೊದಲ ಬಾರಿಗೆ ಕೊಂಡೊಯ್ದವರು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಹೆಂಗಸರು. ಲಂಡನ್ನಿನಲ್ಲಿಯೂ ತಂಡವಿದೆ. ಕನ್ನಡದ ಮನೆಗಳಿರುವ ಊರುಗಳೇ ಇವೆಲ್ಲ.

ಇನ್ನು ಆಟವನ್ನು ಅರ್ಥಮಾಡಿಕೊಳ್ಳುವ ಬಗೆ. ಇದು ತಿಳಿಯದೆ ಹೋದರೆ ನಮ್ಮ ಯಜಮಾನರಿಗಾದಂತೆ ಜಗಳವೇ ಕಾಣುವುದು. ಕಾರ್ತಿಕಮಾಸದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರು ಒಂದು ದೃಶ್ಯವನ್ನು ನೆನಪಿಗೆ ತಂದುಕೊಳ್ಳಲಿ. ಬುಲ್ ಟೆಂಪಲ್ ರಸ್ತೆಯಲ್ಲಿ ಹೆಗಲಿಗೆ ಹೆಗಲು ತಾಗಿದ ಜನ. ಅದರೊಳಗೆ ಎರಡು ಸೇರು ಕಡಲೆಕಾಯಿಯ ಚೀಲವನ್ನು ಎದೆಗವಚಿಕೊಂಡು, ಓರೆಯಾಗಿ, ಸಂದು ಸಿಕ್ಕಿದಲ್ಲಿ ನುಸುಳಿ ಮುಂದಕ್ಕೆ ಹೋಗುವ ಒಬ್ಬ ಚುರುಕಿನ ಹೆಂಗಸು. ಅವಳೇ ಇಲ್ಲಿಯ ಜ್ಯಾಮರ್. ಹೆಲ್ಮೆಟಿನ ಮೇಲೆ ನಕ್ಷತ್ರದ ಗುರುತಿರುವ ಮುಸುಕು ಇರುವುದರಿಂದ ಅವಳನ್ನು ಥಟ್ಟನೆ ಗುರುತಿಸಬಹುದು. ಒಂದೊಂದು ತಂಡದಿಂದ ಐದೈದು ಮಂದಿ ಕಣದಲ್ಲಿರುವರು: ಒಬ್ಬಳು ಜ್ಯಾಮರ್, ಉಳಿದ ನಾಲ್ವರು ತಡೆಗಾರ್ತಿಯರು. ಈ ನಾಲ್ವರಲ್ಲಿ ಒಬ್ಬಳ ಹೆಲ್ಮೆಟಿನ ಮೇಲೆ ಪಟ್ಟೆಯಿದ್ದರೆ ಅವಳು ಪಿವಟ್. ಸಂಕಟ ಬಂದಾಗ ಜ್ಯಾಮರಿನ ನಕ್ಷತ್ರವನ್ನು ಕೈಯಿಂದ ಕೈಗೆ ಪಡೆದು ತಾನೇ ಜ್ಯಾಮರ್ ಆಗಬಲ್ಲವಳು. ಜ್ಯಾಮರ್ ಮೊದಲ ಸಲ ಗುಂಪನ್ನು ದಾಟಿದರೆ ಅಂಕವಿಲ್ಲ. ಸುತ್ತಿಬಂದು ಎರಡನೆಯ ಸಲದಿಂದ ಮುಂದಕ್ಕೆ ದಾಟಿದ ಪ್ರತಿಯೊಬ್ಬ ಎದುರಾಳಿಗೂ ಒಂದೊಂದು ಅಂಕ. ಕಬಡ್ಡಿಯನ್ನು ಬಲ್ಲವರಿಗೆ ಇದರಲ್ಲಿ ತೊಡಕೇನೂ ಇಲ್ಲ. ಎರಡು ಕಡೆಯ ದಾಳಿಗಾರರೂ ಏಕಕಾಲದಲ್ಲಿ ಹೊರಡುವರೆಂಬುದೊಂದೇ ವ್ಯತ್ಯಾಸ.

ಹೀಗೆ ಒಂದು ಸುತ್ತಿನ ಕಾದಾಟಕ್ಕೆ ಜ್ಯಾಮ್ ಎಂದು ಹೆಸರು. ಅದು ಹೆಚ್ಚೆಂದರೆ ಎರಡು ನಿಮಿಷ. ಗುಂಪಿನಿಂದ ನಿಯಮಬದ್ಧವಾಗಿ ಮೊದಲು ಹೊರಬಿದ್ದ ಜ್ಯಾಮರಿಗೆ ಅದನ್ನು ತನಗೆ ಬೇಕಾದಾಗ ನಿಲ್ಲಿಸುವ ಅಧಿಕಾರವುಂಟು. ಅವಳು ಎರಡು ಕೈಗಳಿಂದ ಸೊಂಟವನ್ನು ತಟ್ಟಿಕೊಂಡರೆ, ಎದುರಾಳಿಯು ಅಂಕ ಗಳಿಸುವ ಮುನ್ನ ಆಟವನ್ನು ಕಡಿದುಹಾಕಿದಳೆಂದು ತಿಳಿಯಬೇಕು. ಮೊದಲ ಸಲ ನೋಡುವವರಿಗೆ ಇದು ಸೋಲೊಪ್ಪಿಕೊಂಡಂತೆ ಕಾಣುವುದುಂಟು. ವಾಸ್ತವವಾಗಿ ಇದೇ ಆ ಆಟದ ಜಾಣತನ. ಮೂವತ್ತು ನಿಮಿಷಗಳ ಎರಡು ಭಾಗಗಳು, ನಡುವೆ ವಿರಾಮ. ಎಲ್ಲರೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೇ ಸುತ್ತುವರು. ಪ್ರದಕ್ಷಿಣೆಯ ಅಭ್ಯಾಸವಿರುವ ನಮ್ಮ ಹಿರಿಯರಿಗೆ ಈ ಅಪ್ರದಕ್ಷಿಣೆ ಒಂದು ಗಳಿಗೆ ಕಣ್ಣಿಗೆ ಚುಚ್ಚೀತು.

ಹೊಡೆತದ ವಿಷಯದಲ್ಲಿ ಕಟ್ಟುಪಾಡುಗಳು ಬಿಗಿಯಾಗಿವೆ. ಭುಜದಿಂದ, ಸೊಂಟದಿಂದ, ಮೈಯಿಂದ ತಳ್ಳಬಹುದು. ಮೊಣಕೈಯಿಂದ ತಿವಿಯುವಂತಿಲ್ಲ, ಮುಂಗೈಯಿಂದ ನೂಕುವಂತಿಲ್ಲ, ತಲೆಯಿಂದ ಹಾಯುವಂತಿಲ್ಲ. ಎದುರಾಳಿಯ ತಲೆಗೆ, ಬೆನ್ನಿಗೆ, ತೊಡೆಯ ನಡುವಿಗಿಂತ ಕೆಳಗೆ ಹೊಡೆಯುವಂತಿಲ್ಲ. ತಪ್ಪಿದವಳು ಮೂವತ್ತು ಸೆಕೆಂಡು ಹೊರಗೆ ಕುರ್ಚಿಯ ಮೇಲೆ ಕುಳಿತಿರಬೇಕು. ಏಳು ತಪ್ಪಾದರೆ ಆ ಪಂದ್ಯ ಅವಳಿಗೆ ಮುಗಿಯಿತು. ಕಪ್ಪು ಬಿಳಿ ಪಟ್ಟೆಯಂಗಿಯ ಏಳು ಮಂದಿ ತೀರ್ಪುಗಾರರು ತಾವೂ ಗಾಲಿಗಳ ಮೇಲೆಯೇ ನಿಂತು ಇದನ್ನೆಲ್ಲ ನೋಡುತ್ತಿರುವರು. ನಲ್ಲಿಯ ಜಗಳಕ್ಕೆ ಇಷ್ಟು ಮಂದಿ ತೀರ್ಪುಗಾರರಿದ್ದುದನ್ನು ನಾವು ಕಂಡಿಲ್ಲವೆಂದು ಯಜಮಾನರಲ್ಲಿ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇವೆ.

ಈಗ ಹೋಗುವ ಏರ್ಪಾಡು. ಟೂರ್ನಮೆಂಟೆಂದರೆ ಎರಡು ಮೂರು ದಿನಗಳ ಕಾಲ ಬೆಳಗಿನಿಂದ ರಾತ್ರಿಯವರೆಗೆ ಒಂದಾದ ಮೇಲೊಂದು ಪಂದ್ಯ. ಎಲ್ಲ ದಿನಗಳಿಗೂ ಸೇರಿಸಿ ಟಿಕೆಟ್ ಕೊಳ್ಳುವ ಆತುರ ಬೇಡ. ವಿರಾಮವೂ ಸೇರಿ ಒಂದೊಂದು ಪಂದ್ಯಕ್ಕೆ ಒಂದೂವರೆ ಗಂಟೆಯಾದರೂ ಹಿಡಿಯುವುದರಿಂದ, ಮಗಳ ತಂಡ ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಕೇಳಿ ಒಂದು ದಿನದ್ದನ್ನು ಮುಂಚಿತವಾಗಿ ಕೊಂಡರೆ ಸಾಕು. ಅವಳ ಪಂದ್ಯಕ್ಕೆ ಮೊದಲಿನ ಪಂದ್ಯವನ್ನು ಅರ್ಧವಾದರೂ ನೋಡುವುದು ಮೇಲು: ಪರರ ಮಕ್ಕಳ ಮೇಲೆ ನಿಯಮಗಳನ್ನು ಕಲಿತರೆ, ತಮ್ಮ ಮಗಳ ಸರದಿಗೆ ಕಣ್ಣು ಪಳಗಿರುತ್ತದೆ.

ಮಗಳು ತಮ್ಮ ಜೊತೆಯಲ್ಲಿ ಕುಳಿತುಕೊಳ್ಳುವಳೆಂದು ನಂಬಬೇಡಿ. ಆಡದಿರುವ ಹೊತ್ತಿನಲ್ಲಿಯೂ ಅವಳಿಗೆ ಅಲ್ಲಿ ಕೆಲಸವಿರುತ್ತದೆ. ಅಂಕ ಬರೆಯುವುದು, ಬಾಗಿಲು ಕಾಯುವುದು, ನೆಲ ಗುಡಿಸುವುದು ಎಲ್ಲವೂ ಆಟಗಾರ್ತಿಯರ ಮತ್ತು ಅವರ ಸ್ನೇಹಿತರ ಪಾಲಿಗೇ ಬರುವುದು. ನಮ್ಮ ಕಡೆಯ ಮದುವೆಮನೆಯಲ್ಲಿ ಬಡಿಸುವವರೂ ಮನೆಯವರೇ ಆಗಿರುತ್ತಿದ್ದಂತೆ. ಆಟದ ಹೆಸರೊಂದನ್ನು ಇಟ್ಟುಕೊಳ್ಳುವ ಪದ್ಧತಿಯೂ ಉಂಟು. ಧ್ವನಿವರ್ಧಕದಲ್ಲಿ ಮಗಳ ನಿಜವಾದ ಹೆಸರು ಕೇಳಿಸದೆ ಏನೋ ಘೋರನಾಮ ಕೇಳಿಸಿದರೆ ಗಾಬರಿಯಾಗದೆ, ಅಂಗಿಯ ಸಂಖ್ಯೆಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಕುಳಿತುಕೊಳ್ಳುವ ಸ್ಥಳದ ವಿಷಯದಲ್ಲಿ ನಮ್ಮ ಮಾತನ್ನು ಮೀರಬೇಡಿ. ಕಣದ ಗೆರೆಯ ಪಕ್ಕದಲ್ಲಿಯೇ ನೆಲದ ಮೇಲೆ ಕುಳಿತು ನೋಡುವ ಜಾಗಗಳು ಕೆಲವು ಕಡೆ ಇರುತ್ತವೆ. ಆಟಗಾರ್ತಿಯರು ಜಾರಿಬಂದು ಮಡಿಲಿಗೇ ಬೀಳುವುದುಂಟಾದ್ದರಿಂದ ಚಿಕ್ಕವರನ್ನು ಅಲ್ಲಿಗೆ ಬಿಡುವುದಿಲ್ಲ. ಅರವತ್ತು ದಾಟಿದವರಿಗೂ, ಮೊಮ್ಮಗುವನ್ನು ಎತ್ತಿಕೊಂಡವರಿಗೂ ಅದು ಸಲ್ಲದು. ಮೆಟ್ಟಿಲು ಸಾಲಿನಲ್ಲಿ, ಸಾಧ್ಯವಾದರೆ ಕಣದ ತಿರುವಿಗೆ ಎದುರಾಗಿ, ನಾಲ್ಕಾರು ಮೆಟ್ಟಿಲು ಮೇಲೆ ಕುಳಿತರೆ ಗುಂಪಿನ ಒಳಗೆ ನಡೆಯುವುದೆಲ್ಲ ಕಾಣುತ್ತದೆ. ಬೆನ್ನಿಗೆ ಆಸರೆ ಇಲ್ಲದ ಹಲಗೆಗಳೇ ಹೆಚ್ಚು. ಒಂದು ದಿಂಬನ್ನು ಒಯ್ಯಬೇಕು. ಇಂಥ ಆಟಗಳು ಹಳೆಯ ಉಗ್ರಾಣಗಳಲ್ಲಿ, ಸ್ಕೇಟಿಂಗ್ ಅಂಗಣಗಳಲ್ಲಿ ನಡೆಯುವುದು ಹೆಚ್ಚಾದ್ದರಿಂದ ಒಳಗೆ ಚಳಿಯಿರಬಹುದು, ಶಾಲು ಕೈಯಲ್ಲಿರಲಿ. ಸೀರೆಯುಟ್ಟು ಹೋಗಲು ಅಡ್ಡಿಯೇನೂ ಇಲ್ಲ. ಸಿಳ್ಳು, ಸಂಗೀತ, ಕೂಗು ಇವು ವಿಪರೀತವಾಗಿರುವುದರಿಂದ ಕಿವಿಗೆ ಹತ್ತಿಯನ್ನೂ, ಕೂಸಿದ್ದರೆ ಅದಕ್ಕೆ ಕಿವಿ ಮುಚ್ಚುವ ಸಾಧನವನ್ನೂ ಒಯ್ಯತಕ್ಕದ್ದು. ಹೊರಗಿನ ತಿಂಡಿಯನ್ನು ಒಳಗೆ ಬಿಡುವರೋ ಇಲ್ಲವೋ ಎಂಬುದನ್ನು ಮಗಳಿಂದ ಕೇಳಿ ತಿಳಿದು, ಆಮೇಲೆ ಚಪಾತಿಯ ಡಬ್ಬಿಯನ್ನು ಕಟ್ಟಿಕೊಳ್ಳಿ. ಆಟ ನಡೆಯುತ್ತಿರುವಾಗ ಕಣವನ್ನು ಅಡ್ಡಹಾಯುವುದು ಮಾತ್ರ ಸರ್ವಥಾ ಕೂಡದು.

ಬೀಳುವುದರ ಮಾತಿಗೆ ಬರೋಣ. ಬಿದ್ದೇ ಬೀಳುವರು, ಒಂದು ಜ್ಯಾಮಿನಲ್ಲಿ ಮೂರು ನಾಲ್ಕು ಸಲವೂ ಬಿದ್ದಾರು. ಬೀಳುವುದನ್ನೇ ಮೊದಲು ಕಲಿಸುವುದು ಈ ಆಟದ ಕ್ರಮ: ಮೊಣಕಾಲಿನ ಪ್ಯಾಡಿನ ಮೇಲೆ ಬಿದ್ದು, ಬೆರಳುಗಳು ಇನ್ನೊಬ್ಬರ ಗಾಲಿಗೆ ಸಿಕ್ಕದಂತೆ ಮುಷ್ಟಿ ಕಟ್ಟಿ, ತಕ್ಷಣ ಏಳುವುದು. ಹಲ್ಲಿಗೆ, ಮಣಿಕಟ್ಟಿಗೆ, ಮೊಣಕೈಗೆ, ಮೊಣಕಾಲಿಗೆ, ತಲೆಗೆ ರಕ್ಷೆಯಿಲ್ಲದೆ ಯಾರನ್ನೂ ಇಳಿಸುವುದಿಲ್ಲ. ಇಷ್ಟೆಲ್ಲ ಇದ್ದರೂ ಕಾಲಿನ ಹರಡು ಮುರಿಯುವುದು, ಮೊಣಕಾಲು ಉಳುಕುವುದು, ತಲೆಗೆ ಪೆಟ್ಟಾಗುವುದು ಉಂಟು. ಇಲ್ಲವೆಂದು ಬರೆದು ತಾಯಿಯನ್ನು ಸಮಾಧಾನಪಡಿಸುವುದು ನಮಗೆ ಹಿಡಿಸದು. ವೈದ್ಯಸಹಾಯಕರು ಅಂಗಣದಲ್ಲಿಯೇ ಇರುವರು. ಯಾರಾದರೂ ಬಿದ್ದು ಏಳದಿದ್ದರೆ ಸಿಳ್ಳು ಊದಿ ಆಟವನ್ನು ನಿಲ್ಲಿಸಿ, ಎರಡು ತಂಡದವರೂ ಇದ್ದಲ್ಲಿಯೇ ಒಂದು ಮೊಣಕಾಲೂರಿ ಸುಮ್ಮನಾಗುವರು. ಆ ಗಳಿಗೆಯಲ್ಲಿ ತಾಯಂದಿರು ಕಣದೊಳಕ್ಕೆ ಓಡಬಾರದು. ಕಷ್ಟ, ಬಲ್ಲೆವು. ಕುಳಿತಲ್ಲಿಂದ ಅವಳಿಗೆ ಕಾಣುವಂತಿದ್ದರೆ ಅದೇ ಸಹಾಯ.

ಯಜಮಾನರಿಗೆ ಒತ್ತಾಯ ಮಾಡಬೇಡಿರೆಂದು ನಮ್ಮ ಸಲಹೆ. ಕಾರು ನಿಲ್ಲಿಸುವ ನೆಪದಲ್ಲಿ ಬಾಗಿಲವರೆಗೆ ಕರೆದುಕೊಂಡು ಹೋಗಿ, ಅಂಕ ಬರೆದುಕೊಳ್ಳಲು ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ಕೈಗೆ ಕೊಡಿ. ಕ್ರಿಕೆಟ್ಟಿನ ಲೆಕ್ಕ ಬರೆದು ಅಭ್ಯಾಸವಿರುವ ನಮ್ಮ ಜಯನಗರದ ಗಂಡಸರು ಅಂಕವೊಂದು ತಪ್ಪಿದರೆ ಸಹಿಸಲಾರರು. ಎರಡನೆಯ ಭಾಗದ ಹೊತ್ತಿಗೆ ತೀರ್ಪುಗಾರರ ಮೇಲೆ ಅವರಿಗೇ ಮೊದಲು ಸಿಟ್ಟು ಬಂದರೆ ನಮಗೆ ಆಶ್ಚರ್ಯವಿಲ್ಲ.

ಪಂದ್ಯ ಮುಗಿದೊಡನೆ ಎರಡು ತಂಡದವರೂ ಸಾಲಾಗಿ ಬಂದು ಒಬ್ಬರ ಅಂಗೈಗೆ ಒಬ್ಬರು ತಟ್ಟಿ ಹೋಗುವುದನ್ನು ನೋಡದೆ ಏಳಬೇಡಿ. ಐದು ನಿಮಿಷದ ಹಿಂದೆ ನಿಮ್ಮ ಮಗಳನ್ನು ಕೆಡವಿದವಳೇ ಅವಳನ್ನು ಅಪ್ಪಿಕೊಂಡಾಳು. ಮಗಳು ಹತ್ತಿರ ಬಂದಾಗ ನೀಲಿಗಟ್ಟಿದ ತೋಳನ್ನು ಹಿಡಿದು ನೋಡುವ ಮೊದಲು, ನಾಲ್ಕನೆಯ ಜ್ಯಾಮಿನಲ್ಲಿ ಹೇಗೆ ನುಸುಳಿದೆಯೇ ಎಂದೋ ಮತ್ತೇನೋ ಆಟದ ಮಾತನ್ನೇ ಕೇಳಿರಿ. ಅಟ್ಟದ ವಿಷಯವನ್ನು ಎತ್ತಬೇಕೋ ಬೇಡವೋ ಎಂಬುದು ತಾಯಿಗೆ ಬಿಟ್ಟದ್ದು. ಎತ್ತುವುದಾದರೆ ಕಾರಿನಲ್ಲಿ ಬೇಡ, ಮನೆಗೆ ಬಂದು ಊಟವಾದ ಮೇಲೆ.

ಮನೆಯಲ್ಲಿ ಬಿಸಿ ಹರಳೆಣ್ಣೆಯನ್ನು ತಿಕ್ಕಲು ಮುಂದಾಗುವುದು ನಮ್ಮ ಹಿರಿಯರ ವಾಡಿಕೆ. ಹೊಸ ಪೆಟ್ಟಿಗೆ ಮೊದಲ ಎರಡು ದಿನ ಶಾಖವೂ ತಿಕ್ಕುವುದೂ ಬಾವನ್ನು ಹೆಚ್ಚಿಸುವುವು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಇಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಮಲಗಿಸಬೇಕು. ತಲೆಗೆ ಪೆಟ್ಟಾದ ಮೇಲೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಕು ಕಂಡರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗತಕ್ಕದ್ದು. ಕೊನೆಯದಾಗಿ, ಅವಳ ಪ್ಯಾಡುಗಳ ಚೀಲ. ಬೆವರು ಕುಡಿದ ಆ ಪ್ಯಾಡುಗಳ ವಾಸನೆ ಆಟಗಾರ್ತಿಯರಲ್ಲಿಯೇ ಜಗತ್ಪ್ರಸಿದ್ಧವಾದುದು. ಕಾರಿನ ಕಿಟಕಿಗಳನ್ನು ಇಳಿಸಿಕೊಂಡು ಮನೆಗೆ ಬಂದು, ಚೀಲವನ್ನು ಅಡಿಗೆಮನೆಯ ಕಡೆಗೆ ತರಗೊಡದೆ, ಬಾಲ್ಕನಿಯಲ್ಲಿ ಬಿಚ್ಚಿ ಗಾಳಿಗೆ ಹರವಿಸಿರಿ.