ಊರ ಕಾಲೇಜಿನಿಂದ ಯೂನಿವರ್ಸಿಟಿಗೆ: ಬಾಗಿಲು ಎಲ್ಲಿದೆ ಅಂತ ಹೇಳೋರು ಯಾರು?

ಹೋದ ತಿಂಗಳು ಸುದ್ದಿಗೆಂದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ರೇಟು ಬರೆದುಕೊಳ್ಳುತ್ತಿದ್ದಾಗ ಕನಕಪುರ ಕಡೆಯ ರೈತರೊಬ್ಬರು ಪಕ್ಕಕ್ಕೆ ಕರೆದರು.

"ಸಾ, ನೀವು ಪೇಪರ್‌ನೋರಲ್ವಾ? ನಮ್ ಹುಡ್ಗಿ ಬಿಕಾಂ ಓದ್ತಾ ಅವ್ಳೆ, ಎರಡ್ನೇ ಸೆಮಿಸ್ಟ್ರು. ಈ ಕಾಲೇಜ್ ಬುಟ್ಟು ಯೂನಿವರ್ಸಿಟಿಗೆ ಹೋಯ್ತೀನಿ, ಎಕನಾಮಿಕ್ಸ್ ಓದ್ತೀನಿ ಅಂತಾಳೆ. ಆಯ್ತದಾ?"

ಹುಡುಗಿ ಅಲ್ಲೇ ನಿಂತಿದ್ದಳು. ಅಪ್ಪನ ಲಾಟಿಗೆ ಬಂದ ರೇಟನ್ನು ಮೊಬೈಲ್‌ನಲ್ಲಿ ಲೆಕ್ಕ ಹಾಕುತ್ತಿದ್ದಳು. ಹೋದ ಸಲಕ್ಕೂ ಈ ಸಲಕ್ಕೂ ಕೆಜಿಗೆ ಎಷ್ಟು ವ್ಯತ್ಯಾಸ, ಅದು ಯಾಕೆ ಬಂತು ಅಂತ ನನ್ನನ್ನೇ ಕೇಳಿದಳು. ನನಗೆ ಗೊತ್ತಿರಲಿಲ್ಲ. ಆಮೇಲೆ ಒಂದು ವಿಡಿಯೋ ತೋರಿಸಿದಳು. ಅಮೆರಿಕದಲ್ಲಿರುವ ಕನ್ನಡದ ಹುಡುಗನೊಬ್ಬ ಹೇಳುತ್ತಿದ್ದ: ಎರಡು ವರ್ಷ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಫೀಸಿಗೆ ಓದಿ, ಆಮೇಲೆ ನೇರ ದೊಡ್ಡ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಸೇರಬಹುದು, ಬಿಸಿನೆಸ್ ಎಕನಾಮಿಕ್ಸ್ ಮೇಜರ್ ತಗೊಳ್ಳಬಹುದು. "ನಮ್ಮಲ್ಲೂ ಹಂಗೇ ಇದ್ಯಾ ಅಣ್ಣ? ನನ್ ಕ್ರೆಡಿಟ್ ಎಲ್ಲ ಡಿಜಿಲಾಕರ್‌ನಲ್ಲಿ ಅವೆಯಲ್ಲ?"

ಅವತ್ತು ಅರ್ಧಂಬರ್ಧ ಉತ್ತರ ಕೊಟ್ಟು ಬಂದೆ. ಮನಸ್ಸಿಗೆ ಸಮಾಧಾನ ಆಗಲಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಓಡಾಡುವ ಮಕ್ಕಳಿದ್ದಾರೆ. ಹಾಗಾಗಿ ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಕೊನೆಗೆ ನನ್ನದೊಂದು ತಕರಾರೂ ಇದೆ.

ಮೊದಲು ಅಪ್ಪನ ಮಾತು. "ಕಾಲೇಜು ಬಿಟ್ಟು ಯೂನಿವರ್ಸಿಟಿಗೆ" ಅಂದರಲ್ಲ, ಆ ಹುಡುಗಿ ಈಗಾಗಲೇ ಯೂನಿವರ್ಸಿಟಿಯಲ್ಲೇ ಇದ್ದಾಳೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಮಾಗಡಿಯಲ್ಲಿ ಓದಿದರೂ ಪದವಿ ಕೊಡುವುದು ಜ್ಞಾನಭಾರತಿಯೇ. ಆದ್ದರಿಂದ ಕೇಳಬೇಕಾದ್ದು ಬೇರೆ: ಎಕನಾಮಿಕ್ಸನ್ನು ಗಟ್ಟಿಯಾಗಿ, ಗಣಿತ ಮತ್ತು ಸ್ಟ್ಯಾಟಿಸ್ಟಿಕ್ಸ್ ಸಮೇತ ಹೇಳಿಕೊಡುವ ಕಡೆಗೆ ನಡುವೆ ಹೋಗಲು ಸಾಧ್ಯವೇ?

ಅಂಥ ಜಾಗ ದೂರ ಇಲ್ಲ. ಜ್ಞಾನಭಾರತಿ ಆವರಣದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್, ಎಲ್ಲರೂ 'ಬೇಸ್' ಅನ್ನುವುದು, 2017ರಲ್ಲಿ ಶುರುವಾಯಿತು. ಎಕನಾಮಿಕ್ಸ್‌ಗೆಂದೇ ಸರ್ಕಾರ ಕಟ್ಟಿದ ವಿಶ್ವವಿದ್ಯಾಲಯ ಅದು. ಪಕ್ಕದಲ್ಲೇ ನಾಗರಭಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಐಸೆಕ್ ಇದೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರೂ ಅವರೇ. ಚನ್ನಪಟ್ಟಣ, ರಾಮನಗರದ ಮಕ್ಕಳು ರೈಲಿನಲ್ಲಿ ಕೆಂಗೇರಿಗೆ ಇಳಿದರೆ ಅಲ್ಲಿಂದ ಮೆಟ್ರೋ ಇದೆ, ಜ್ಞಾನಭಾರತಿ ಅಂತಲೇ ಒಂದು ಸ್ಟೇಷನ್ ಇದೆ. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ, ಬಸ್ಸೇ ಗತಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಆದ ಮೇಲೆ ಆ ಖರ್ಚಾದರೂ ತಪ್ಪಿದೆ. ಹೊತ್ತು ಮಾತ್ರ ಹೋಗಿಯೇ ಹೋಗುತ್ತದೆ.

ದಾರಿ ಹತ್ತಿರ ಇದೆ. ಬಾಗಿಲು ಹೆಂಗಿದೆ ನೋಡಿ.

ನಡುವೆ ಕಾಲೇಜು ಬದಲಾಯಿಸುವುದು ಮೂರು ಥರ. ಒಂದೇ ವಿಶ್ವವಿದ್ಯಾಲಯದೊಳಗೆ, ಅದೇ ಕೋರ್ಸಿಗೆ ಬೇರೆ ಕಾಲೇಜು ಬೇಕಾದರೆ ಸಾಮಾನ್ಯವಾಗಿ ಮೂರನೇ ಅಥವಾ ಐದನೇ ಸೆಮಿಸ್ಟರ್ ಶುರುವಿನಲ್ಲಿ ಎರಡೂ ಕಾಲೇಜಿನ ಪ್ರಿನ್ಸಿಪಾಲರ ಒಪ್ಪಿಗೆ ಪತ್ರ, ವಿಶ್ವವಿದ್ಯಾಲಯದ ಅನುಮತಿ ತೆಗೆದುಕೊಂಡು ಹೋಗಬಹುದು. ಅಲ್ಲಿ ಸೀಟು ಖಾಲಿ ಇರಬೇಕು, ವಿಷಯಗಳು ಹೊಂದಬೇಕು. ಇದು ಸುಲಭದ್ದು.

ಎರಡನೆಯದು ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದು. ಇಲ್ಲೊಂದು ಗುಂಡಿ ಇದೆ, ನಮ್ಮವರು ಬಹಳ ಜನ ಬೀಳುತ್ತಾರೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗ ಆಯಿತು. ನಾವು ಹಳೆಯದರಲ್ಲೇ ಉಳಿದೆವು. ಊರ ನಡುವಿನ ಬಹಳಷ್ಟು ಕಾಲೇಜುಗಳು ನಗರ ವಿಶ್ವವಿದ್ಯಾಲಯಕ್ಕೆ, ಇನ್ನು ಕೆಲವು ಉತ್ತರ ವಿಶ್ವವಿದ್ಯಾಲಯಕ್ಕೆ ಹೋದವು. ಅಪ್ಪನ ಕಾಲದಲ್ಲಿ "ಬೆಂಗಳೂರಿಗೆ ಟಿ.ಸಿ. ತಗೊಂಡು ಹೋದೆ" ಅಂದರೆ ಒಂದೇ ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ ಹಾಗೆ. ಈಗ ಅದೇ ಬಸ್ಸು ಹತ್ತಿ ಅದೇ ಮೆಜೆಸ್ಟಿಕ್‌ನಲ್ಲಿ ಇಳಿದರೂ ವಿಶ್ವವಿದ್ಯಾಲಯ ಬದಲಾಗಿರಬಹುದು. ಆಗ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು, ಎರಡೂ ಕಡೆಯ ಸಿಲೆಬಸ್ ತಾಳೆಯಾಗಬೇಕು. ತಾಳೆಯಾಗದ ಪೇಪರ್ ಮತ್ತೆ ಬರೆಯಬೇಕು.

ಮೂರನೆಯದು ಕೋರ್ಸೇ ಬದಲಾಯಿಸುವುದು. ಬಿಕಾಂನಿಂದ ಎಕನಾಮಿಕ್ಸ್ ಆನರ್ಸ್‌ಗೆ ಹೋಗುವುದನ್ನು ನಾವು ಟ್ರಾನ್ಸ್‌ಫರ್ ಅಂತ ಕರೆದುಕೊಂಡರೂ ಆಫೀಸಿನವರ ಕಣ್ಣಿಗೆ ಅದು ಹೊಸ ಅಡ್ಮಿಷನ್. ಅಂದರೆ ಮತ್ತೆ ಮೊದಲ ವರ್ಷ. ಆ ಹುಡುಗಿಯ ಪ್ರಶ್ನೆ ಇದೇ ಜಾತಿಯದು.

ಹಾಗಾದರೆ ಡಿಜಿಲಾಕರ್‌ನಲ್ಲಿರುವ ಕ್ರೆಡಿಟ್? ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಯುಜಿಸಿ 2021ರಲ್ಲಿ ಮಾಡಿದ ವ್ಯವಸ್ಥೆ ಅದು. ಓದಿದ ಪೇಪರಿನ ಕ್ರೆಡಿಟ್ ಅಲ್ಲಿ ಜಮಾ ಆಗುತ್ತದೆ, ಹೆಚ್ಚೆಂದರೆ 7 ವರ್ಷ ಇರುತ್ತದೆ. ಆದರೆ ಬ್ಯಾಂಕಿನಲ್ಲಿ ದುಡ್ಡಿದ್ದ ಮಾತ್ರಕ್ಕೆ ಅಂಗಡಿಯವನು ಸಾಮಾನು ಕೊಡಲೇಬೇಕು ಅಂತಿಲ್ಲವಲ್ಲ. ಸೀಟು ಕೊಡುವುದೂ ಬಿಡುವುದೂ, ಯಾವ ಕ್ರೆಡಿಟ್ ಒಪ್ಪಬೇಕು ಅನ್ನುವುದೂ ಸೇರಿಸಿಕೊಳ್ಳುವವರ ಕೈಯಲ್ಲೇ ಇದೆ. ಜೊತೆಗೆ ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು ಅಂತ ಆ ನಿಯಮವೇ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಇನ್ನೊಂದು ಗಂಟೂ ಬಿದ್ದಿದೆ. 2021-22ರಲ್ಲಿ ಎನ್‌ಇಪಿ ಅಂತ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷ ಮಾಡಿದರು. ಅಕ್ಕ ಒಂದು ಸಿಲೆಬಸ್, ತಂಗಿ ಇನ್ನೊಂದು ಸಿಲೆಬಸ್. ತಾಳೆ ನೋಡುವ ಗುಮಾಸ್ತನಿಗೂ ತಲೆನೋವು, ಮಕ್ಕಳಿಗೂ ತಲೆನೋವು.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಬಿಎ ಓದುವಾಗ ಮೂರನೇ ಸೆಮಿಸ್ಟರ್‌ಗೆ ತಾಲ್ಲೂಕು ಕಾಲೇಜು ಬಿಟ್ಟು ಬೆಂಗಳೂರಿನ ಒಂದು ಕಾಲೇಜಿಗೆ ಹೋದೆ. ಹೆಸರು ಬೇಡ. ಸೇರಿಸಿಕೊಳ್ಳುವಾಗ "ಏನೂ ತೊಂದರೆ ಇಲ್ಲಪ್ಪ" ಅಂದರು. ಐದನೇ ಸೆಮಿಸ್ಟರ್ ಪರೀಕ್ಷೆಗೆ ಅರ್ಜಿ ಹಾಕುವಾಗ ಗೊತ್ತಾಯಿತು, ಮೊದಲ ವರ್ಷದ ಒಂದು ಪೇಪರ್ ಅಲ್ಲಿಗೆ ಹೊಂದುವುದಿಲ್ಲ ಅಂತ. ಅದನ್ನು ಕಟ್ಟಿ, ಮಾರ್ಕ್ಸ್ ಕಾರ್ಡ್ ಕೈಗೆ ಬರುವಷ್ಟರಲ್ಲಿ ಒಂದು ವರ್ಷ ಹೋಯಿತು. ಎಂಎ ಅರ್ಜಿಯ ಕೊನೆ ದಿನವೂ ಹೋಯಿತು. ಪತ್ರಿಕೋದ್ಯಮ ಡಿಪ್ಲೊಮಾಕ್ಕೆ ಸೇರಿದ್ದು ಆಮೇಲೆ. ಅದರಿಂದ ಒಳ್ಳೆಯದೇ ಆಯಿತು ಬಿಡಿ, ಆದರೆ ಆ ವರ್ಷ ನಮ್ಮಪ್ಪ ಕಟ್ಟಿದ ರೂಮ್ ಬಾಡಿಗೆ ಇವತ್ತಿಗೂ ನೆನಪಾಗುತ್ತದೆ.

ನಿಜವಾದ ತೊಡಕು ಇದಕ್ಕಿಂತ ಹಿಂದೆಯೇ ಶುರುವಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವ ಆ ಒಂದು ವಾರದಲ್ಲಿ. ನಮ್ಮ ಕಡೆ ಕಾಮರ್ಸ್ ಅಂದರೆ ಎಚ್‌ಇಬಿಎ. ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಹಿಸ್ಟರಿ ಬದಲು ಸ್ಟ್ಯಾಟಿಸ್ಟಿಕ್ಸೋ ಬೇಸಿಕ್ ಮ್ಯಾಥ್ಸೋ ತೆಗೆದುಕೊಳ್ಳಬಹುದು ಅಂತ ಎಷ್ಟು ಮಕ್ಕಳಿಗೆ ಯಾರು ಹೇಳುತ್ತಾರೆ? ಎಷ್ಟೋ ಕಡೆ ಆ ಕಾಂಬಿನೇಷನ್ನೇ ಇರುವುದಿಲ್ಲ. ಇದ್ದ ಕಡೆ "ಮ್ಯಾಥ್ಸ್ ಕಷ್ಟ, ಪರ್ಸೆಂಟೇಜ್ ಬೀಳ್ತದೆ" ಅಂತ ಮನೆಯವರೇ ಬೇಡ ಅನ್ನುತ್ತಾರೆ. ಹದಿನಾರನೇ ವಯಸ್ಸಿನಲ್ಲಿ ಹೀಗೆ ಗಣಿತ ಬಿಟ್ಟ ಮಗು ಹತ್ತೊಂಬತ್ತಕ್ಕೆ ಎಕನಾಮಿಕ್ಸ್ ಓದುತ್ತೇನೆ ಅಂದರೆ, ಅಲ್ಲಿ ಮೊದಲ ದಿನವೇ ಬೋರ್ಡಿನ ಮೇಲೆ ಕ್ಯಾಲ್ಕ್ಯುಲಸ್ ಇರುತ್ತದೆ. ಹುಡುಗಿಯನ್ನು ನಾನು ಕೇಳಿದ ಮೊದಲ ಪ್ರಶ್ನೆ ಅದೇ. "ಎಚ್‌ಇಬಿಎ ಅಣ್ಣ" ಅಂದಳು, ಸ್ವಲ್ಪ ಮೆತ್ತಗೆ.

ಅವಳ ಮುಂದೆ ಈಗ ಎರಡು ದಾರಿ ಇವೆ. ಒಂದು, ಮತ್ತೆ ಮೊದಲ ವರ್ಷಕ್ಕೆ ಹೋಗುವುದು. ಬೇಸ್‌ಗೆ ಇತ್ತೀಚಿನ ವರ್ಷಗಳಲ್ಲಿ ಸಿಯುಇಟಿ ಪ್ರವೇಶ ಪರೀಕ್ಷೆ ನೋಡಿ ಸೀಟು ಕೊಡುತ್ತಿದ್ದಾರೆ. ಪಿಯುಸಿ ಮುಗಿಸಿ ಒಂದೆರಡು ವರ್ಷ ಆದವರೂ ಬರೆಯಬಹುದು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಈ ವಿಷಯ ನಮ್ಮೂರಲ್ಲಿ ಹೇಳಿದರೆ ನಂಬುವುದಿಲ್ಲ. ಗಣಿತ ಬೇಕಾದರೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹನ್ನೆರಡನೇ ತರಗತಿಯ ಗಣಿತ ಒಂದನ್ನೇ ಕಟ್ಟಲು ಅವಕಾಶ ಇದೆ. ಆದರೆ ಇಷ್ಟಕ್ಕೆಲ್ಲ ಒಂದು, ಒಂದೂವರೆ ವರ್ಷ ಬೇಕು. ವಿದ್ಯಾರ್ಥಿವೇತನದ ಲೆಕ್ಕವೂ ಇದೆ. ವಿದ್ಯಾಸಿರಿ ಅಂದರೆ ತಿಂಗಳಿಗೆ ಇಷ್ಟು ಅಂತ 10 ತಿಂಗಳು. ರೈತ ವಿದ್ಯಾನಿಧಿ ಪದವಿ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5,500. ಕೋರ್ಸು ಬಿಟ್ಟು ಮತ್ತೊಂದು ಕೋರ್ಸಿನ ಮೊದಲ ವರ್ಷಕ್ಕೆ ಸೇರಿದರೆ ಅವು ಮುಂದುವರಿಯುತ್ತವಾ ಅಂತ ತಾಲ್ಲೂಕಿನ ಹಿಂದುಳಿದ ವರ್ಗಗಳ ಇಲಾಖೆ ಆಫೀಸಿನಲ್ಲೂ ರೈತ ಸಂಪರ್ಕ ಕೇಂದ್ರದಲ್ಲೂ ಮೊದಲೇ ಕೇಳಬೇಕು. ಟಿ.ಸಿ. ತಗೊಂಡ ಮೇಲೆ ಕೇಳಿ ಪ್ರಯೋಜನ ಇಲ್ಲ.

ಎರಡು, ಬಿಕಾಂ ಇಲ್ಲೇ ಮುಗಿಸಿ, ಆ ಎರಡು ವರ್ಷದಲ್ಲಿ ಗಣಿತ, ಸ್ಟ್ಯಾಟಿಸ್ಟಿಕ್ಸ್ ಕಲಿತುಕೊಂಡು ಸ್ನಾತಕೋತ್ತರಕ್ಕೆ ಹಾರುವುದು. ಸ್ವಯಂ ಪೋರ್ಟಲ್‌ನಲ್ಲಿ ಪಾಠ ಫ್ರೀ ಇದೆ, ಪರೀಕ್ಷೆಗೆ ಮಾತ್ರ ಫೀಸು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆದಿಯಾಗಿ ಬಹಳ ಕಡೆ ಈಗ ಸಿಯುಇಟಿ-ಪಿಜಿ ಬರೆದು ಹೋಗುವುದು. ಆದರೆ ಕೆಲವು ಕಡೆ ಎಂಎ ಎಕನಾಮಿಕ್ಸ್‌ಗೆ ಪದವಿಯಲ್ಲಿ ಎಕನಾಮಿಕ್ಸ್ ಐಚ್ಛಿಕ ವಿಷಯ ಆಗಿರಲೇಬೇಕು ಅಂತ ಕೇಳುತ್ತಾರೆ. ಬಿಕಾಂನವರು ಪ್ರಾಸ್ಪೆಕ್ಟಸ್‌ನ ಆ ಸಾಲನ್ನು ಎರಡು ಸಲ ಓದಬೇಕು. ನನ್ನನ್ನು ಕೇಳಿದರೆ ಅವಳಿಗೆ ಎರಡನೆಯದೇ ವಾಸಿ. ವರ್ಷ ಉಳಿಯುತ್ತದೆ, ಕೈಯಲ್ಲಿ ಒಂದು ಪದವಿ ಇರುತ್ತದೆ. ಹಾಗಂತ ಗಣಿತದಲ್ಲಿ ಗಟ್ಟಿ ಇರುವ, ಮನೆಯಲ್ಲಿ ಅನುಕೂಲ ಇರುವ ಮಗುವಿಗೆ ಮೊದಲನೆಯದು ಬೇಡ ಅನ್ನಲಾರೆ.

ಇನ್ನು ನನ್ನ ತಕರಾರು. ಆ ಅಮೆರಿಕದ ವಿಡಿಯೋ ಸುಳ್ಳಲ್ಲ. ಕ್ಯಾಲಿಫೋರ್ನಿಯಾದಲ್ಲಿ 1960ರಿಂದಲೇ ಕಮ್ಯುನಿಟಿ ಕಾಲೇಜಿನಿಂದ ಯೂನಿವರ್ಸಿಟಿಗೆ ದಾರಿ ಹಾಕಿಟ್ಟಿದ್ದಾರೆ. ಇಂಥ ಕಾಲೇಜಿನ ಇಂಥ ಪೇಪರ್ ಇಂಥ ಯೂನಿವರ್ಸಿಟಿಯ ಯಾವ ಪೇಪರಿಗೆ ಸಮ ಅಂತ 'ಅಸಿಸ್ಟ್' ಅನ್ನುವ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಯುಸಿಎಲ್‌ಎ ಯೂನಿವರ್ಸಿಟಿಯ ಬಿಸಿನೆಸ್ ಎಕನಾಮಿಕ್ಸ್‌ಗೆ ಹೋಗಬೇಕಾದವರು ಊರ ಕಾಲೇಜಿನಲ್ಲೇ ಕ್ಯಾಲ್ಕ್ಯುಲಸ್, ಅಕೌಂಟಿಂಗ್, ಎಕನಾಮಿಕ್ಸ್‌ನ ಮೊದಲ ಪೇಪರುಗಳನ್ನು ಮುಗಿಸಿಕೊಂಡು ಹೋಗುತ್ತಾರೆ. ಅಲ್ಲೂ ಸೀಟಿಗೆ ಪೈಪೋಟಿ ಇದೆ, ಎಲ್ಲರಿಗೂ ಸಿಗುವುದಿಲ್ಲ. ಆದರೆ ಏನು ಓದಬೇಕು ಅಂತ ಮೊದಲ ದಿನವೇ ಬರೆದು ಕೊಟ್ಟಿರುತ್ತಾರೆ.

ಅಮೆರಿಕದ ಮಾತು ದೂರ ಆಯಿತು ಅನ್ನುವವರಿಗೆ ನಮ್ಮದೇ ಉದಾಹರಣೆ ಇದೆ. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದ ಹುಡುಗ ಡಿಸಿಇಟಿ ಬರೆದು ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗುತ್ತಾನೆ. ಗಣಿತ ಕಡಿಮೆ ಬಿದ್ದರೆ ಅವನಿಗೆ ಬ್ರಿಡ್ಜ್ ಕೋರ್ಸ್ ಇದೆ. ಯಾರ ಕಾಲಿಗೂ ಬೀಳಬೇಕಾಗಿಲ್ಲ. ಮೆಷಿನ್ ಓದುವವನಿಗೆ ಇರುವ ಬಾಗಿಲು ಮಾರುಕಟ್ಟೆ ಓದುವವಳಿಗೆ ಯಾಕಿಲ್ಲ? ಬೆಂಗಳೂರು ವಿಶ್ವವಿದ್ಯಾಲಯ, ಬೇಸ್ ಎರಡೂ ಸರ್ಕಾರದವೇ, ಒಂದೇ ಆವರಣದ ಅಕ್ಕಪಕ್ಕದವು. ನಾಲ್ಕು ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಮೊದಲ ವರ್ಷ ಇಷ್ಟು ಅಂಕ ತೆಗೆದು, ಗಣಿತದ ಬ್ರಿಡ್ಜ್ ಪರೀಕ್ಷೆ ಪಾಸಾದವರಿಗೆ ಎರಡನೇ ವರ್ಷದಲ್ಲಿ ಹತ್ತು ಸೀಟು ಅಂತ ಒಂದು ಹಾಳೆಯಲ್ಲಿ ಬರೆದು ಕಾಲೇಜು ನೋಟಿಸ್ ಬೋರ್ಡಿಗೆ ಅಂಟಿಸಲಿ. ಮೊದಲ ವರ್ಷದ ಮಕ್ಕಳು ಹೋದರೆ ಸರ್ಕಾರಿ ಕಾಲೇಜು ಖಾಲಿಯಾಗುತ್ತದೆ ಅಂತ ಉಪನ್ಯಾಸಕರೊಬ್ಬರು ನನ್ನ ಹತ್ತಿರ ಹೇಳಿದರು. ಆ ಭಯ ಸುಳ್ಳಲ್ಲ. ಆದರೆ ಹತ್ತು ಮಕ್ಕಳು ಹೋಗುವ ದಾರಿ ಇದೆ ಅಂತ ಗೊತ್ತಾದರೆ ಆ ಆಸೆಗೆ ಹೆಚ್ಚು ಮಕ್ಕಳು ಇಲ್ಲೇ ಸೇರಬಹುದು ಅಂತಲೂ ನನಗನ್ನಿಸುತ್ತದೆ.

ನಮ್ಮ ಜಿಲ್ಲೆಯಲ್ಲಿ ಎಕನಾಮಿಕ್ಸ್ ಓದುವವರಿಗೆ ಕೆಲಸ ಕಡಿಮೆ ಇಲ್ಲ. ಗೂಡಿನ ಇ-ಹರಾಜು ಇದೆ. ಜಿಐ ಗುರುತು ಇದ್ದೂ ಅಗ್ಗದ ಪ್ಲಾಸ್ಟಿಕ್ ಗೊಂಬೆ ಎದುರು ಒದ್ದಾಡುವ ಚನ್ನಪಟ್ಟಣದ ಗೊಂಬೆ ಇದೆ. ಒಂದೇ ಸಲ ಮಾರ್ಕೆಟ್ಟಿಗೆ ಬಿದ್ದು ರೇಟು ಕಳಕೊಳ್ಳುವ ಮಾವು ಇದೆ. ಇವುಗಳ ಲೆಕ್ಕ ಬಲ್ಲವರು ಹೊರಗಿನಿಂದ ಬಂದು ವರದಿ ಬರೆದು ಹೋಗುತ್ತಾರೆ. ಆ ವರದಿ ಇಂಗ್ಲಿಷಿನಲ್ಲಿರುತ್ತದೆ.

ಮೊನ್ನೆ ಹುಡುಗಿಯ ಅಪ್ಪ ಫೋನ್ ಮಾಡಿದ್ದರು. ಟಿ.ಸಿ. ತೆಗೆಸುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಅವಳು ಪಕ್ಕದ ಮನೆ ಹುಡುಗನ ಹಳೆಯ ಪಿಯುಸಿ ಬೇಸಿಕ್ ಮ್ಯಾಥ್ಸ್ ಪುಸ್ತಕ ಇಸ್ಕೊಂಡು ಬಂದಿದ್ದಾಳಂತೆ. "ಅದ್ಯಾವ್ದೋ ಲೆಕ್ಕ ಬರ್ತಿಲ್ವಂತೆ ಸಾ, ನಿಮಗೇನಾದ್ರೂ ಬತ್ತದಾ?" ಅಂದರು. ನಾನೂ ಎಚ್‌ಇಪಿ ಓದಿದವನು. ರಾಮನಗರದಲ್ಲಿ ಪರಿಚಯದ ಲೆಕ್ಚರರ್ ಒಬ್ಬರಿದ್ದಾರೆ, ಭಾನುವಾರ ಅವರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂದಿದ್ದೇನೆ.