ಆನೆಗೆ ‘ಎನಿಮಿ’ ಅಂತ ಹೆಸರಿಡೋದು ಬೇಡ

ಗೇಮ್ ಮಾಡೋದು ಕಲಿಸುವ ಯಾವ ಯೂಟ್ಯೂಬ್ ಸರಣಿ ತೆಗೆದರೂ ಮೂರನೇ ನಾಲ್ಕನೇ ವೀಡಿಯೋ ಹೊತ್ತಿಗೆ ಒಬ್ಬ ಎನಿಮಿ ಬಂದೇ ಬರ್ತಾನೆ. ಅವನಿಗೆ ಮೂರೇ ಕೆಲಸ. ಸುಮ್ಮನೆ ಅಡ್ಡಾಡೋದು, ಪ್ಲೇಯರ್ ಕಣ್ಣಿಗೆ ಬಿದ್ದರೆ ಅಟ್ಟಿಸಿಕೊಂಡು ಬರೋದು, ಹತ್ತಿರ ಸಿಕ್ಕರೆ ಹೊಡೆಯೋದು. ಫೈನೈಟ್ ಸ್ಟೇಟ್ ಮಷೀನ್ ಅಂತಾರಲ್ಲ, ಐದನೇ ಸೆಮ್‌ನಲ್ಲಿ ಬರುತ್ತೆ ಅಂತ ಸೀನಿಯರ್ಸ್ ಹೆದರಿಸ್ತಾರಲ್ಲ, ಅದರ ಸರಳ ರೂಪ ಇದು. ಒಂದು ಸಂಜೆಯಲ್ಲಿ ಬರೆದು ಮುಗಿಸಬಹುದು. ಆ ಎನಿಮಿ ಜಾಗಕ್ಕೆ ಜೋಂಬಿ ಹಾಕಿ, ಸೈನಿಕನನ್ನ ಹಾಕಿ, ಕೋಡ್ ಬದಲಾಗಲ್ಲ. ಆದರೆ ಆನೆ ಹಾಕಿದರೆ ಅದು ಆನೆ ಆಗಿರಲ್ಲ, ಸೊಂಡಿಲಿರೋ ಜೋಂಬಿ ಆಗಿರುತ್ತೆ. ನಮ್ಮ ತಕರಾರು ಇಷ್ಟೇ.

ನಾವು ನಾಲ್ಕು ಜನ. ಇಬ್ಬರು ಸಕಲೇಶಪುರ ಕಡೆಯವರು, ಒಬ್ಬ ಆಲೂರಿನವನು, ಒಬ್ಬಳು ಬೆಂಗಳೂರಿನವಳು. ಎಲ್ಲರೂ ಇಂಗ್ಲಿಷ್ ಮೀಡಿಯಂ, ಆದ್ದರಿಂದ ಈ ಬರಹದಲ್ಲಿ ಅಲ್ಲಲ್ಲಿ ಇಂಗ್ಲಿಷ್ ನುಸುಳಿದ್ದರೆ ಕ್ಲಬ್‌ನವರು ಕ್ಷಮಿಸಬೇಕು. ಆರು ತಿಂಗಳಿಂದ ಒಂದು ಗೇಮ್ ಮಾಡ್ತಿದ್ದೇವೆ. ಅದರಲ್ಲಿ ಪ್ಲೇಯರ್ ಒಬ್ಬ ಹೆಂಗಸು. ಕಾಫಿ ತೋಟದ ಲೈನ್ ಮನೆಯಲ್ಲಿರ್ತಾಳೆ, ಬೆಳಗ್ಗೆ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗ್ತಾಳೆ. ತೋಟದಲ್ಲಿ ಆನೆ ಇರಬಹುದು, ಇಲ್ಲದೆಯೂ ಇರಬಹುದು. ಹೋಗದಿದ್ದರೆ ಅವತ್ತಿನ ಕೂಲಿ ಇಲ್ಲ.

ಇಷ್ಟೇನಾ, ಗನ್ ಇಲ್ವಾ ಅಂತ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದ್ದಾರೆ. ಇಲ್ಲ.

ಎನಿಮಿ ಸ್ಕ್ರಿಪ್ಟ್ ಬಿಟ್ಟು ಆನೆಗೇ ಬೇರೆ ಸ್ಕ್ರಿಪ್ಟ್ ಬರೆಯೋಕೆ ಕೂತಾಗ ಮೊದಲ ಪ್ರಶ್ನೆ ಬಂತು: ಆನೆಗೆ ಏನು ಬೇಕು? ಅದಕ್ಕೆ ನಾವು ಬೇಕಾಗಿಲ್ಲ. ದಿನಕ್ಕೆ ನೂರು ಕೆ.ಜಿ.ಗಿಂತ ಜಾಸ್ತಿ ಮೇವು ಬೇಕು, ನೀರು ಬೇಕು, ಹಗಲು ನಿಲ್ಲೋಕೆ ನೆರಳು ಬೇಕು. ಕಾಫಿ ತೋಟದಲ್ಲಿ ನೆರಳಿದೆ, ಕೆರೆ ಇದೆ, ಬೈನೆ ಮರ ಇದೆ, ಕಾಲಕ್ಕೆ ಹಲಸು ಇದೆ. ಕತ್ತಲಾದ ಮೇಲೆ ಕೆಳಗೆ ಗದ್ದೆಯಲ್ಲಿ ಭತ್ತ ಇದೆ. ಹಾಗಾಗಿ ನಮ್ಮ ಆನೆಗೆ ಹಸಿವು, ಭಯ, ನೆನಪು ಅಂತ ಮೂರು ವೇರಿಯಬಲ್ ಇಟ್ಟೆವು. ಗುಂಪಿಗೆ ಒಂದು ಹಿರಿಯ ಹೆಣ್ಣಾನೆ ದಾರಿ ತೋರಿಸುತ್ತೆ, ಉಳಿದವು ಅದರ ಹಿಂದೆ. ದೊಡ್ಡ ಗಂಡಾನೆಗಳು ಹೆಚ್ಚಾಗಿ ಬೇರೆಯಾಗಿ ತಿರುಗ್ತವೆ. ಕೋಡ್‌ನಲ್ಲಿ ಎಲ್ಲೂ ‘ಅಟ್ಯಾಕ್’ ಅಂತ ಒಂದು ಸ್ಥಿತಿ ಇಲ್ಲ. ಭಯ ಒಂದು ಮಟ್ಟ ದಾಟಿ, ತಪ್ಪಿಸಿಕೊಳ್ಳೋ ದಾರಿಯಲ್ಲಿ ಮನುಷ್ಯ ನಿಂತಿದ್ದರೆ ಏನಾಗುತ್ತೋ ಅದು ಆಗುತ್ತೆ.

ಆಮೇಲೆ ಪಟಾಕಿ ಸೇರಿಸಿದೆವು. ನಿಜ ಜೀವನದಲ್ಲಿ ಗದ್ದೆಗೆ ಆನೆ ಬಂದರೆ ಪಟಾಕಿ ಹೊಡೆದು ಓಡಿಸ್ತಾರೆ, ಗೇಮ್‌ನಲ್ಲೂ ಇರಲಿ ಅಂತ. ಆಡಿ ನೋಡಿದಾಗ ಒಂದು ವಿಚಿತ್ರ ಕಂಡಿತು. ರಾತ್ರಿ ಒಬ್ಬರು ಪಟಾಕಿ ಹೊಡೆದು ಗದ್ದೆ ಉಳಿಸಿಕೊಂಡರೆ, ಗುಂಪು ಚದುರಿ ಪಕ್ಕದ ತೋಟಕ್ಕೆ ನುಗ್ಗುತ್ತೆ. ಬೆಳಗ್ಗೆ ಅದೇ ತೋಟಕ್ಕೆ ನಮ್ಮ ಹೆಂಗಸು ಕೆಲಸಕ್ಕೆ ಹೋಗಬೇಕು. ಇದನ್ನ ನಾವ್ಯಾರೂ ಕೋಡ್ ಮಾಡಿರಲಿಲ್ಲ, ನಿಯಮಗಳು ಒಂದಕ್ಕೊಂದು ತಾಗಿ ತಾನಾಗೇ ಹುಟ್ಟಿತು. ಆಲೂರಿನವನು ನೋಡಿ ನಗಲೂ ಇಲ್ಲ. ‘ನಮ್ಮೂರಲ್ಲಿ ದಿನಾ ಇದೇ ಜಗಳ’ ಅಂದ. ಒಬ್ಬರ ಗದ್ದೆಗೆ ಸಿಕ್ಕ ಪರಿಹಾರ ಇನ್ನೊಬ್ಬರ ತೋಟದ ತೊಂದರೆ ಆಗೋದನ್ನ ಪ್ರಬಂಧದಲ್ಲಿ ಬರೆದರೆ ಯಾರು ಓದ್ತಾರೆ? ಆಡಿದವರಿಗೆ ಮಾತ್ರ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. ಗೇಮ್‌ನ ಅಭಿಪ್ರಾಯ ಅದರ ಕಥೆಯಲ್ಲಾಗಲಿ ಡೈಲಾಗ್‌ನಲ್ಲಾಗಲಿ ಇರಲ್ಲ, ನಿಯಮದಲ್ಲಿ ಇರುತ್ತೆ ಅಂತ ನಾವು ಹೇಳೋದು ಇದಕ್ಕೇ.

ನಮ್ಮ ಹಳಬರಿಗೆ ಇದು ಗೊತ್ತಿತ್ತು. ಹುಲಿ-ಕುರಿ ಆಟ ನೋಡಿ. ಹುಲಿ ಕೆಲವೇ, ಕುರಿ ಬಹಳ. ಹುಲಿ ಹಾರಿ ತಿನ್ನುತ್ತೆ, ಕುರಿಗಳು ಕೊಲ್ಲೋದಿಲ್ಲ, ಒಟ್ಟಾಗಿ ನಿಂತು ಹುಲಿಗೆ ಜಾಗ ಇಲ್ಲದ ಹಾಗೆ ಕಟ್ಟಿಹಾಕುತ್ತವೆ. ಈ ಸಲ ಕುರಿ ಆಡಿಸಿದವರು ಮುಂದಿನ ಸಲ ಹುಲಿ ಕಡೆ ಕೂರ್ತಾರೆ. ಅಸಿಮೆಟ್ರಿಕ್ ಗೇಮ್ ಡಿಸೈನ್ ಅಂತ ಇವತ್ತು ಕೋರ್ಸ್ ಮಾರ್ತಾರಲ್ಲ, ಅದು ದೇವಸ್ಥಾನದ ಕಲ್ಲು ಹಾಸಿನ ಮೇಲೆ ಗೀಚಿಟ್ಟ ಆಟ.

ಮಂಜಿನ ಬಗ್ಗೆ ಒಂದು ಮಾತು. 1999ರ ಸೈಲೆಂಟ್ ಹಿಲ್ ಗೇಮ್‌ನಲ್ಲಿ ಊರೆಲ್ಲಾ ಮಂಜು ಕವಿದಿರುತ್ತೆ. ಆಗಿನ ಪ್ಲೇಸ್ಟೇಷನ್‌ಗೆ ದೂರದ್ದೆಲ್ಲ ಚಿತ್ರಿಸೋ ಶಕ್ತಿ ಇರಲಿಲ್ಲ, ಮಂಜು ಅದನ್ನ ಮುಚ್ಚಿತು. ನಮ್ಮ ಎಂಟು ಜಿ.ಬಿ. ಲ್ಯಾಪ್‌ಟಾಪ್‌ಗೂ ಅದೇ ಉಪಾಯ. ಆದರೆ ಸಕಲೇಶಪುರದ ಮಂಜು ಉಪಾಯ ಅಲ್ಲ, ಹತ್ತು ಅಡಿಯಲ್ಲಿ ನಿಂತ ಆನೆ ನಿಜಕ್ಕೂ ಕಾಣಲ್ಲ. ಆಲೂರಿನವನ ಅಪ್ಪ, ಮೂರು ಎಕರೆ ಕಾಫಿ ಇರೋರು, ನಮ್ಮ ಗೇಮ್ ಆಡಿ ಹೇಳಿದ್ದು ಒಂದೇ: ‘ಆನೆ ಇಷ್ಟು ಸದ್ದು ಮಾಡಲ್ಲ ಕಣ್ರಪ್ಪಾ. ಅಷ್ಟು ದೊಡ್ಡದು ಬಂದು ನಿಂತಿದ್ದು ಗೊತ್ತೇ ಆಗಲ್ಲ.’ ಡೌನ್‌ಲೋಡ್ ಮಾಡಿಕೊಂಡ ಆನೆ ಮಾಡೆಲ್ ಜೊತೆ ಧಡ್ ಧಡ್ ಹೆಜ್ಜೆ ಸದ್ದು ಬಂದಿತ್ತು. ತೆಗೆದೆವು. ಈಗ ಜೀರುಂಡೆ ಸದ್ದು ನಿಂತಾಗ ಮಾತ್ರ ಅನುಮಾನ ಬರಬೇಕು. ಗೇಮ್ ಎರಡರಷ್ಟು ಭಯ ಹುಟ್ಟಿಸುತ್ತೆ.

ಕನ್ನಡದ ವಿಷಯಕ್ಕೆ ಬರೋಣ, ಇದು ಕನ್ನಡ ಕ್ಲಬ್ ಪತ್ರಿಕೆ ತಾನೆ. ನಾವು ಬಳಸೋದು ಗೊಡೋ ಎಂಜಿನ್, ಪೂರ್ತಿ ಉಚಿತ, ಓಪನ್ ಸೋರ್ಸ್. ಅದರ ಮೂರನೇ ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಮೂಡ್ತಿರಲಿಲ್ಲ, ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲೋದು. 2023ರ ಮಾರ್ಚ್‌ನಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಅದು ಸರಿಹೋಯಿತು. ಅಂದರೆ ‘ಕನ್ನಡದಲ್ಲಿ ಗೇಮ್ ಮಾಡೋಕೆ ಟೆಕ್ನಿಕಲಿ ಕಷ್ಟ’ ಅನ್ನೋ ನೆಪ ಈಗ ಇಲ್ಲ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಬರುತ್ತೆ. ಕನ್ನಡ ಫಾಂಟ್ ಎಲ್ಲೂ ಸಿಗದಿದ್ದರೆ ಅಕ್ಷರದ ಜಾಗದಲ್ಲಿ ಚೌಕ ಚೌಕ ಬರುತ್ತೆ.

ಆ ಚೌಕಗಳನ್ನ ನಾವು ಬೇಕಂತಲೇ ಒಂದು ಕಡೆ ಉಳಿಸಿಕೊಂಡಿದ್ದೇವೆ. ನಮ್ಮ ಕಡೆ ಆನೆ ಎಲ್ಲಿದೆ ಅಂತ ಜನರ ಮೊಬೈಲಿಗೆ ಮೆಸೇಜ್ ಬರುತ್ತೆ. ಆದರೆ ಈಗ ತೋಟಗಳಲ್ಲಿ ಅಸ್ಸಾಮಿನಿಂದ ಬಂದವರೂ ಕೆಲಸ ಮಾಡ್ತಾರೆ. ಅವರಿಗೆ ಕನ್ನಡ ಮೆಸೇಜ್ ಬಂದರೂ ಒಂದೇ, ಬರದಿದ್ದರೂ ಒಂದೇ. ಗೇಮ್‌ನ ಎರಡನೇ ಭಾಗದಲ್ಲಿ ಪ್ಲೇಯರ್ ಅಂಥ ಒಬ್ಬ ಹುಡುಗ. ಮೆಸೇಜ್ ಬರುತ್ತೆ, ತೆಗೆದು ನೋಡಿದರೆ ಬರೀ ಚೌಕ. ಪಕ್ಕದವರನ್ನ ಕೇಳಬೇಕು, ಇಲ್ಲಾ ಹಾಗೇ ಹೊರಡಬೇಕು.

ಇದನ್ನೆಲ್ಲ ಆಟ ಮಾಡೋದು ಸರಿನಾ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ಜನ ಸತ್ತಿದ್ದಾರೆ, ಸಾಯ್ತಿದ್ದಾರೆ. ಅದಕ್ಕೇ ನಮ್ಮ ಗೇಮ್‌ನಲ್ಲಿ ‘ಗೇಮ್ ಓವರ್’, ‘ರಿಟ್ರೈ’ ಅಂತ ಬರಲ್ಲ. ಅವಳು ವಾಪಸ್ ಬರಲಿಲ್ಲ ಅಂದರೆ ಮಾರನೇ ದಿನ ಅದೇ ಲೈನಿನ ಇನ್ನೊಬ್ಬಳಾಗಿ ಆಡಬೇಕು, ಮೊದಲಿನ ಮನೆ ಬಾಗಿಲು ಮುಚ್ಚಿರುತ್ತೆ. ಹಾಗಂತ ಆನೆಯನ್ನ ಮುದ್ದು ಗೊಂಬೆ ಮಾಡೋದಕ್ಕೂ ನಾವು ಒಪ್ಪಲ್ಲ. ದೂರದ ಊರಲ್ಲಿ ಕೂತು ಮಾಡಿದರೆ ಗೊಂಬೆ ಆಗುತ್ತೆ, ಟ್ಯುಟೋರಿಯಲ್ ನೋಡಿ ಮಾಡಿದರೆ ಎನಿಮಿ ಆಗುತ್ತೆ. ನಮ್ಮ ಜನ ಒಂದೊಂದು ಆನೆಗೂ ಹೆಸರಿಟ್ಟು ಕರೀತಾರೆ, ಭೀಮ ಬಂದ, ಬೀಟಮ್ಮನ ಗುಂಪು ಬಂತು ಅಂತ. ಅದೇ ಬಾಯಲ್ಲಿ ಶಾಪವನ್ನೂ ಹಾಕ್ತಾರೆ. ಈ ಎರಡನ್ನೂ ಒಟ್ಟಿಗೆ ಬಲ್ಲವರು ಮಾಡದೆ ಇನ್ಯಾರು ಮಾಡಬೇಕು?

ಈಗ ಉಳಿದಿರೋ ದೊಡ್ಡ ಜಗಳ ಒಂದು ಬಟನ್ ಬಗ್ಗೆ. ‘ಆನೆ ಹಿಡಿಸಿ’ ಅನ್ನೋ ಬಟನ್. 2014ರಲ್ಲಿ ಆಲೂರು-ಸಕಲೇಶಪುರ ಭಾಗದಿಂದ 22 ಆನೆಗಳನ್ನ ಹಿಡಿದು ಸಾಗಿಸಿದರು. ಆದರೂ ಇವತ್ತು ಆನೆಗಳಿವೆ. 2012ರಿಂದ 2019ರವರೆಗೆ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ಹತ್ತಿರ ಇಂಥದ್ದೇ ಕಾರ್ಯಾಚರಣೆಯಲ್ಲಿ ಕಾಡಾನೆ ಜೊತೆ ಸೆಣಸಿ ಸತ್ತ. ಹಾಗಾಗಿ ಬಟನ್ ಒತ್ತಿದರೆ ಸ್ವಲ್ಪ ದಿನ ಸುಮ್ಮನಾಗಿ ಮತ್ತೆ ಆನೆ ಬರೋ ಹಾಗೆ ಬರೆಯೋಣ ಅಂತ ಮೂವರು ಹೇಳ್ತಿದ್ದೇವೆ. ಆಲೂರಿನವನು ಒಪ್ಪಿಲ್ಲ. ಬಟನ್ ಒತ್ತಿದವರಿಗೆ ಆ ಸ್ವಲ್ಪ ದಿನದಲ್ಲಿ ಒಂದು ಬೆಳೆಯಾದರೂ ಕೈಗೆ ಸಿಗಬೇಕು ಅಂತಾನೆ. ಅವರ ಮನೆ ಗದ್ದೆಯಲ್ಲಿ ಎರಡು ವರ್ಷದಿಂದ ನಾಟಿ ಮಾಡಿಲ್ಲ.