ನೆರವಿನ ಷರತ್ತು ಯಾರನ್ನು ಕಾಯುತ್ತದೆ?

ಯುದ್ಧದಿಂದ ನಲುಗಿದ ದೇಶಗಳಿಗೆ ಶ್ರೀಮಂತ ರಾಷ್ಟ್ರಗಳು ನೀಡುವ ನೆರವಿನ ಕುರಿತು ಚರ್ಚೆ ಎದ್ದಾಗಲೆಲ್ಲ ನಮ್ಮ ನಡುವೆ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಹಸಿದವನ ಮುಂದೆ ಅನ್ನದ ತಟ್ಟೆ ಇಡುವಾಗ ಕರಾರುಪತ್ರಕ್ಕೆ ಸಹಿ ಕೇಳುವುದು ಕ್ರೌರ್ಯ ಎಂಬುದು ಒಂದು. ಹಣ ಕೊಟ್ಟವನಿಗೆ ಅದು ಎಲ್ಲಿ ಹೋಯಿತೆಂದು ವಿಚಾರಿಸುವ ಹಕ್ಕಿದೆ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಷರತ್ತು ಬೇಕೇ ಬೇಡವೇ ಎಂದು ಕೇಳುವ ಮೊದಲು, ಆ ಷರತ್ತು ಯಾರನ್ನು ಕಾಯುತ್ತದೆ ಎಂದು ಕೇಳಬೇಕಾಗಿದೆ.

ಷರತ್ತಿನ ಮಹತ್ವ ಮುಸ್ಲಿಮರಿಗೆ ಅಪರಿಚಿತವಾದುದಲ್ಲ. ವಕ್ಫ್ ಮಾಡಿದವನು ತನ್ನ ಆಸ್ತಿಯ ಆದಾಯ ಅನಾಥರಿಗೆ ಸಲ್ಲಬೇಕೆಂದು ಬರೆದಿಟ್ಟರೆ, ಅದನ್ನು ಬದಲಿಸುವ ಅಧಿಕಾರ ಮುತವಲ್ಲಿಗೂ ಇಲ್ಲವೆಂದು ನಮ್ಮ ಧರ್ಮಶಾಸ್ತ್ರಜ್ಞರು ಹೇಳಿದ್ದಾರೆ. ಆ ಷರತ್ತು ದಾನಿಯ ಪ್ರತಿಷ್ಠೆಗಾಗಿ ಇರುವುದಲ್ಲ, ಅನಾಥನ ಪಾಲನ್ನು ಕಾಯಲು ಇರುವುದು. ಅದೇ ವೇಳೆ, ದಾನ ಕೊಟ್ಟು ಹಂಗಿಸುವವನ, ನೋಯಿಸುವವನ ದಾನ ನಿಷ್ಫಲವೆಂದು ಪವಿತ್ರ ಕುರ್‌ಆನ್ ಎಚ್ಚರಿಸುತ್ತದೆ. ಪಡೆಯುವವನನ್ನು ರಕ್ಷಿಸುವ ಷರತ್ತು ನ್ಯಾಯ. ಅವನ ಕೊರಳಿಗೆ ಹಗ್ಗವಾಗುವ ಷರತ್ತು ದಬ್ಬಾಳಿಕೆ. ಈ ಅಳತೆಗೋಲನ್ನು ಹಿಡಿದು ನೋಡಿದರೆ ಇಂದಿನ ಅಂತಾರಾಷ್ಟ್ರೀಯ ರಾಜಕೀಯದ ಅನೇಕ ಗೊಂದಲಗಳು ತಿಳಿಯಾಗುತ್ತವೆ.

ಉದಾಹರಣೆಗೆ ಬಹಳ ದೂರ ಹೋಗಬೇಕಾಗಿಲ್ಲ. ಹಿಂದೆ ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದ, ಈಗ ನಿಡಗುಂದಿ ತಾಲೂಕಿಗೆ ಸೇರಿರುವ ಆಲಮಟ್ಟಿಯನ್ನೇ ನೋಡೋಣ. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವ ಬ್ಯಾಂಕು ಸಾಲ ನೀಡಿದಾಗ, ಮುಳುಗಡೆಯಾಗುವವರಿಗೆ ಸಮರ್ಪಕ ಪುನರ್ವಸತಿ ಕಲ್ಪಿಸಬೇಕೆಂಬ ಕರಾರು ಒಪ್ಪಂದದಲ್ಲಿತ್ತು. ಅಣೆಕಟ್ಟಿನ ಗೋಡೆ ಏರುತ್ತಿದ್ದರೂ ನಿರಾಶ್ರಿತರ ಕೆಲಸ ಕುಂಟುತ್ತಿದ್ದುದನ್ನು ಕಂಡು 1990ರ ದಶಕದಲ್ಲಿ ಬ್ಯಾಂಕು ಹಣ ಬಿಡುಗಡೆಯನ್ನು ತಡೆಹಿಡಿಯಿತು. ಕಡತಗಳು ಚಲಿಸಲು ಆ ಒತ್ತಡವೂ ಒಂದು ಕಾರಣವಾಯಿತು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಈ ಜಲಾಶಯವನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಮನೆ, ಹೊಲ, ಖಬರಸ್ತಾನ ಎಲ್ಲವನ್ನೂ ನೀರಿಗೆ ಒಪ್ಪಿಸಿ ಬಂದ ಕುಟುಂಬಗಳ ಸಂಕಟ ಅದರಿಂದ ಸಂಪೂರ್ಣ ನೀಗಿತೆಂದು ಯಾರೂ ಹೇಳಲಾರರು. ವಿಶ್ವ ಬ್ಯಾಂಕನ್ನು ಹೊಗಳುವುದೂ ಇಲ್ಲಿಯ ಉದ್ದೇಶವಲ್ಲ. ಆದರೆ ಬರೆದ ಷರತ್ತನ್ನು ಜಾರಿಗೊಳಿಸುವ ಮನಸ್ಸಿದ್ದರೆ ದನಿಯಿಲ್ಲದವನಿಗೂ ಅದು ಆಸರೆಯಾಗಬಲ್ಲದೆಂಬುದಕ್ಕೆ ನಮ್ಮ ಕಣ್ಣೆದುರಿನ ಈ ನೀರೇ ಸಾಕ್ಷಿ.

ಆ ಜಲಾಶಯಕ್ಕೆ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರಿದೆ. ಷರತ್ತಿನ ಇನ್ನೊಂದು ಮುಖವನ್ನು ಕಂಡುಂಡವರು ಅದೇ ಶಾಸ್ತ್ರಿಯವರು. ಅಮೇರಿಕದ 1954ರ ಕಾನೂನು, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಪಿ.ಎಲ್. 480, ಇದರಡಿ ಭಾರತಕ್ಕೆ ಗೋಧಿ ಬರುತ್ತಿತ್ತು. 1965ರ ಸೆಪ್ಟೆಂಬರ್‌ನಲ್ಲಿ ಭಾರತ-ಪಾಕಿಸ್ತಾನ ಯುದ್ಧ ನಡೆದಾಗ ಅಮೇರಿಕ ಎರಡೂ ದೇಶಗಳಿಗೆ ಸೈನಿಕ ನೆರವನ್ನು ನಿಲ್ಲಿಸಿತು. ಗೋಧಿಯ ವಿಷಯದಲ್ಲಿ ಅಧ್ಯಕ್ಷ ಜಾನ್ಸನ್ ದೀರ್ಘಾವಧಿ ಒಪ್ಪಂದವನ್ನು ಬದಿಗಿರಿಸಿ, ಅಲ್ಪಾವಧಿಯ ಕಂತುಗಳಲ್ಲಿ ಮಾತ್ರ ಬಿಡುಗಡೆ ಮಾಡುವ ಕ್ರಮ ಕೈಗೊಂಡರು. ಬರಗಾಲದ ಆ ವರ್ಷಗಳಲ್ಲಿ ಮುಂದಿನ ಹಡಗು ಬರುವುದೇ ಇಲ್ಲವೇ ಎಂದು ದೆಹಲಿ ಕಾಯಬೇಕಾಯಿತು. ವಿಯೆಟ್ನಾಮಿನ ಮೇಲಿನ ಬಾಂಬ್ ದಾಳಿಯನ್ನು ಭಾರತ ಟೀಕಿಸಿದುದು ವಾಷಿಂಗ್ಟನ್ನಿಗೆ ಸಹ್ಯವಾಗಲಿಲ್ಲ. ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಶಾಸ್ತ್ರಿಯವರು ದೇಶವನ್ನು ಕೇಳಿಕೊಂಡದ್ದು ಅದೇ ಕಾಲದಲ್ಲಿ. ಬರವೆಂದರೇನೆಂದು ತಿಳಿದಿರುವ ವಿಜಾಪುರ ಸೀಮೆಯ ಜನರಿಗೆ ಆ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಷರತ್ತು ಹಸಿದವನನ್ನು ಕಾಯಲಿಲ್ಲ. ಕೊಡುವವನ ರಾಜಕೀಯವನ್ನು ಕಾಯಿತು.

ಇದಕ್ಕಿಂತಲೂ ಘೋರವಾದುದು ಬಾಂಗ್ಲಾದೇಶದ ಅನುಭವ. 1971ರ ಯುದ್ಧದ ಗಾಯ ಇನ್ನೂ ಮಾಯದಿದ್ದ ಆ ಹೊಸ ದೇಶ 1974ರಲ್ಲಿ ಕ್ಯೂಬಾಕ್ಕೆ ಗೋಣಿಚೀಲಗಳನ್ನು ಮಾರಿತು. ಕ್ಯೂಬಾದೊಂದಿಗೆ ವ್ಯಾಪಾರ ಮಾಡುವ ದೇಶಕ್ಕೆ ಆಹಾರ ನೆರವು ಸಲ್ಲದೆಂಬುದು ಅಮೇರಿಕದ ಕಾನೂನಿನ ಷರತ್ತು. ಅದನ್ನು ಮುಂದಿಟ್ಟು ಅಮೇರಿಕ ಧಾನ್ಯವನ್ನು ತಡೆಹಿಡಿಯಿತು. ಢಾಕಾ ಸರಕಾರ ರಫ್ತನ್ನು ನಿಲ್ಲಿಸಿ ತಲೆಬಾಗಿದರೂ ಧಾನ್ಯ ತಲುಪುವ ಹೊತ್ತಿಗೆ ಬಹಳ ತಡವಾಗಿತ್ತು. ಪ್ರವಾಹ, ನಿರುದ್ಯೋಗ, ಕಾಳಸಂತೆ ಎಲ್ಲವೂ ಸೇರಿ ಆ ವರ್ಷ ಸಂಭವಿಸಿದ ಕ್ಷಾಮದಲ್ಲಿ ಸರಕಾರಿ ಲೆಕ್ಕದಂತೆಯೇ ಸುಮಾರು 26 ಸಾವಿರ ಜನ ಸತ್ತರು. ಇತರ ಅಂದಾಜುಗಳು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕ್ಷಾಮಕ್ಕೆ ಆ ಷರತ್ತೊಂದೇ ಕಾರಣವಲ್ಲ. ಆದರೆ ಗೋಣಿಚೀಲದ ವ್ಯಾಪಾರಕ್ಕೂ ರಂಗಪುರದ ಹಸಿದ ಮಗುವಿಗೂ ಏನು ಸಂಬಂಧವೆಂಬ ಪ್ರಶ್ನೆಗೆ ಇಂದಿಗೂ ಉತ್ತರ ದೊರೆತಿಲ್ಲ.

ಅಮೇರಿಕದ ಕಾನೂನು ಪುಸ್ತಕದಲ್ಲಿ ಒಳ್ಳೆಯ ಷರತ್ತುಗಳೇ ಇಲ್ಲವೆಂದಲ್ಲ. ಸೆನೆಟರ್ ಪ್ಯಾಟ್ರಿಕ್ ಲೇಹಿಯವರ ಹೆಸರಿನಿಂದ ಕರೆಯಲ್ಪಡುವ, 1997ರಲ್ಲಿ ಮೊದಲ್ಗೊಂಡ ಕಾನೂನಿನ ಪ್ರಕಾರ, ಮಾನವ ಹಕ್ಕುಗಳ ಘೋರ ಉಲ್ಲಂಘನೆ ನಡೆಸಿದ ಬಗ್ಗೆ ವಿಶ್ವಾಸಾರ್ಹ ಮಾಹಿತಿಯಿರುವ ಯಾವುದೇ ವಿದೇಶಿ ಸೇನಾ ತುಕಡಿಗೆ ನೆರವು ನೀಡುವಂತಿಲ್ಲ. ವಿದೇಶಿ ನೆರವು ಕಾಯಿದೆಯ ಇನ್ನೊಂದು ಕಲಮು, ಅಮೇರಿಕದ ಮಾನವೀಯ ನೆರವಿನ ಸಾಗಣೆಗೆ ಅಡ್ಡಿಪಡಿಸುವ ದೇಶಕ್ಕೆ ಸೈನಿಕ ನೆರವು ಸಲ್ಲದೆಂದು ಹೇಳುತ್ತದೆ. ಇವು ಪೀಡಿತನನ್ನು ಕಾಯುವ ಷರತ್ತುಗಳು. ಇವನ್ನು ಬರೆದವರ ಉದ್ದೇಶವನ್ನು ನಾವು ಗೌರವಿಸೋಣ. ಆದರೆ ಬಲಿಷ್ಠ ಮಿತ್ರನ ಎದುರು ಇವುಗಳ ಗತಿ ಏನಾಯಿತು?

2016ರ ಒಪ್ಪಂದದ ಪ್ರಕಾರ ಇಸ್ರೇಲ್‌ಗೆ ಹತ್ತು ವರ್ಷಗಳಲ್ಲಿ 3,800 ಕೋಟಿ ಡಾಲರುಗಳ ಸೈನಿಕ ನೆರವು ನಿಗದಿಯಾಯಿತು. ಗಾಝಾದ ಮೇಲಿನ ಯುದ್ಧ ಆರಂಭವಾಗಿ ತಿಂಗಳುಗಳು ಕಳೆದ ಬಳಿಕ, 2024ರ ಫೆಬ್ರವರಿಯಲ್ಲಿ ಅಧ್ಯಕ್ಷ ಬೈಡನ್, ಆಯುಧ ಪಡೆಯುವ ದೇಶಗಳು ಅಂತಾರಾಷ್ಟ್ರೀಯ ಮಾನವೀಯ ಕಾನೂನನ್ನು ಪಾಲಿಸುವ ಭರವಸೆ ನೀಡಬೇಕೆಂದು ಆದೇಶಿಸಿದರು. ಮೇ ತಿಂಗಳಲ್ಲಿ ಬಂದ ವರದಿ, ಅಮೇರಿಕದ ಆಯುಧಗಳು ಆ ಕಾನೂನಿಗೆ ಹೊಂದದ ರೀತಿಯಲ್ಲಿ ಬಳಕೆಯಾಗಿವೆಯೆಂದು ಭಾವಿಸುವುದು ಸಮಂಜಸ ಎಂದಿತು. ಅದೇ ಉಸಿರಿನಲ್ಲಿ ಇಸ್ರೇಲಿನ ಭರವಸೆಗಳು ನಂಬಲರ್ಹವೆಂದೂ ಹೇಳಿ ಮುಗಿಸಿತು! ಭಾರೀ ಬಾಂಬುಗಳ ಒಂದು ಸಾಗಣೆಯನ್ನು ಮಾತ್ರ ತಡೆಹಿಡಿಯಲಾಯಿತು. 2025ರ ಜನವರಿಯಲ್ಲಿ ಟ್ರಂಪ್ ಸರಕಾರ ಅದನ್ನೂ ಬಿಡುಗಡೆ ಮಾಡಿತು. ಮರು ತಿಂಗಳು ಬೈಡನ್‌ರ ಆದೇಶವೇ ರದ್ದಾಯಿತು.

ಇದರ ಪಕ್ಕದಲ್ಲಿಯೇ ಇನ್ನೊಂದು ದೃಶ್ಯವನ್ನು ಇಟ್ಟು ನೋಡಬೇಕು. ಫೆಲೆಸ್ತೀನ್ ನಿರಾಶ್ರಿತರಿಗಾಗಿ ಇರುವ ವಿಶ್ವಸಂಸ್ಥೆಯ ಸಂಸ್ಥೆಯಲ್ಲಿ ಗಾಝಾದಲ್ಲಷ್ಟೇ ಸುಮಾರು 13 ಸಾವಿರ ಸಿಬ್ಬಂದಿಯಿದ್ದರು. 2023ರ ಅಕ್ಟೋಬರ್ 7ರ ದಾಳಿಯಲ್ಲಿ ಅವರಲ್ಲಿ 12 ಮಂದಿ ಭಾಗಿಯಾಗಿದ್ದರೆಂದು 2024ರ ಜನವರಿಯಲ್ಲಿ ಇಸ್ರೇಲ್ ಆರೋಪಿಸಿತು. ತನಿಖೆ ಮುಗಿಯುವ ಮುನ್ನವೇ ಅಮೇರಿಕ ಮತ್ತು ಹಲವು ದೇಶಗಳು ಹಣವನ್ನು ನಿಲ್ಲಿಸಿದವು. ಮಾರ್ಚ್‌ನಲ್ಲಿ ಅಮೇರಿಕದ ಸಂಸತ್ತು ಒಂದು ವರ್ಷದ ನಿಷೇಧವನ್ನು ಕಾನೂನಾಗಿಯೇ ಮಾಡಿತು. ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ತನಿಖೆ, ಒಂಬತ್ತು ಮಂದಿ ಭಾಗಿಯಾಗಿದ್ದಿರಬಹುದೆಂದು ಹೇಳಿ ಅವರನ್ನು ಕೆಲಸದಿಂದ ತೆಗೆಯಿತು. ನಿರಪರಾಧಿಗಳ ಕೊಲೆಯಲ್ಲಿ ಯಾರೇ ಪಾಲ್ಗೊಂಡಿದ್ದರೂ ಅವರು ಶಿಕ್ಷಾರ್ಹರು. ಇಸ್ಲಾಮ್ ಅದರಲ್ಲಿ ಸ್ವಜನ-ಪರಜನ ಭೇದವನ್ನು ಒಪ್ಪುವುದಿಲ್ಲ. ಆದರೆ ಕೆಲವರ ಅಪರಾಧಕ್ಕೆ 20 ಲಕ್ಷ ಜನರ ಹಿಟ್ಟು, ಔಷಧಿ, ಶಾಲೆಗಳ ಹಣವನ್ನು ದಿನಗಳಲ್ಲಿ ತಡೆಯಬಲ್ಲ ಕಾನೂನು, ಆಯುಧದ ವಿಷಯ ಬಂದಾಗ ಭರವಸೆಯ ಕಾಗದವೊಂದನ್ನು ಓದಿ ಸಮಾಧಾನ ಪಡುವುದಾದರೆ, ಅದನ್ನು ಕಾನೂನೆನ್ನಬೇಕೇ? ಬಡವನಿಗೆ ಆರೋಪವೇ ಸಾಕು, ಬಲಾಢ್ಯನಿಗೆ ಸಾಕ್ಷ್ಯವೂ ಸಾಲದು ಎಂಬುದು ಯಾವ ನ್ಯಾಯ?

ಬೇರೆ ದಾರಿಯೇ ಇಲ್ಲವೆಂದಲ್ಲ. ಭಾರತ 2024-25ರಲ್ಲಿ ಅದೇ ಸಂಸ್ಥೆಗೆ 50 ಲಕ್ಷ ಡಾಲರುಗಳ ನೆರವನ್ನು ಮುಂದುವರಿಸಿತು. ತಾಲಿಬಾನ್ ಸರಕಾರಕ್ಕೆ ಮಾನ್ಯತೆ ನೀಡದಿದ್ದರೂ 2022ರಲ್ಲಿ 50 ಸಾವಿರ ಟನ್ ಗೋಧಿಯನ್ನು ಅಫ್ಘಾನಿಸ್ತಾನದ ಜನರಿಗೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ತಲುಪಿಸುವ ಕಾರ್ಯಕ್ಕೆ ಕೈಹಾಕಿತು; ಅಟ್ಟಾರಿ ಗಡಿ ದಾಟಿದ ಲಾರಿಗಳು ಪಾಕಿಸ್ತಾನದ ನೆಲದ ಮೇಲಿಂದಲೇ ಸಾಗಿದವು. 1965ರಲ್ಲಿ ಗೋಧಿಗಾಗಿ ಕಾದ ದೇಶ ಕೊಡುವ ಸ್ಥಾನಕ್ಕೆ ಬಂದಾಗ ಹೀಗೆಯೇ ನಡೆದುಕೊಳ್ಳಬೇಕು. 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ತನ್ನ ದಿಗ್ಬಂಧನಗಳಲ್ಲಿನ ಆಸ್ತಿ ಮುಟ್ಟುಗೋಲಿನ ಕ್ರಮಗಳಿಂದ ಮಾನವೀಯ ನೆರವಿಗೆ ವಿನಾಯಿತಿ ನೀಡಿ ನಿರ್ಣಯ ಅಂಗೀಕರಿಸಿತು. ಆಡಳಿತಗಾರನ ಕೈಕಟ್ಟುವಾಗ ಪ್ರಜೆಯ ಬಾಯಿ ಕಟ್ಟಬಾರದೆಂಬ ತತ್ವ ಅಂತಾರಾಷ್ಟ್ರೀಯ ಕಾನೂನಿನಲ್ಲಿ ಬರೆಯಲ್ಪಟ್ಟಿದೆ. ಆಗಬೇಕಾದುದು ಅದರ ಪಾಲನೆ.

ಕೊನೆಯದಾಗಿ ಒಂದು ಮಾತು ನಮ್ಮೊಳಗೆ. ವಾಷಿಂಗ್ಟನ್ನಿನ ಇಬ್ಬಗೆಯ ನೀತಿಯನ್ನು ಖಂಡಿಸುವ ನಾವು ನಮ್ಮ ಜಮಾಅತಿನಲ್ಲಿ ಯಾವ ನೀತಿಯನ್ನು ಅನುಸರಿಸುತ್ತಿದ್ದೇವೆ? ಅನಾಥರಿಗೆಂದು ಬರೆದ ವಕ್ಫ್ ಅಂಗಡಿಯನ್ನು ಪ್ರಭಾವಶಾಲಿಯೊಬ್ಬ ಹಳೆಯ ಕಾಲದ ಬಾಡಿಗೆಗೆ ಅನುಭವಿಸುತ್ತಿದ್ದರೆ ಸುಮ್ಮನಿರುತ್ತೇವೆ. ಝಕಾತ್ ಕೇಳಲು ಬಂದ ವಿಧವೆಯಿಂದ ಮಾತ್ರ ಹತ್ತು ಜನರ ಸಾಕ್ಷಿ ಕೇಳುತ್ತೇವೆ. ರಮಝಾನಿನಲ್ಲಿ ದೂರದ ನೊಂದವರಿಗಾಗಿ ಚಂದಾ ಎತ್ತಿದವರು ಲೆಕ್ಕವನ್ನು ಮಸೀದಿಯ ಫಲಕದಲ್ಲಿ ಹಚ್ಚುವುದಿಲ್ಲ, ನಾವೂ ಕೇಳುವುದಿಲ್ಲ. ಬಲಾಢ್ಯನಿಗೆ ಭರವಸೆಯ ಮಾತು, ಬಡವನಿಗೆ ಕಠಿಣ ಷರತ್ತು ಎಂಬ ರೋಗ ಇಲ್ಲಿಯೂ ಇದೆ.

ಆದ್ದರಿಂದ ಫೆಲೆಸ್ತೀನಿಗಾಗಿ ಎತ್ತುವ ದನಿ ಪ್ರಾಮಾಣಿಕವಾಗಿರಬೇಕಾದರೆ ಪ್ರತಿಯೊಂದು ಜಮಾಅತ್ ತನ್ನ ವಕ್ಫ್ ಪತ್ರಗಳನ್ನು ಹೊರತೆಗೆದು ಓದಲಿ. ಅದರಲ್ಲಿ ಬರೆದ ಷರತ್ತನ್ನು ಮೊದಲು ಮುತವಲ್ಲಿಯ ಮೇಲೆ, ಬಳಿಕ ಬಾಡಿಗೆದಾರನ ಮೇಲೆ ಜಾರಿಗೊಳಿಸಲಿ. ವರ್ಷಕ್ಕೊಮ್ಮೆ ಲೆಕ್ಕವನ್ನು ಬಹಿರಂಗಪಡಿಸಲಿ. ಸ್ವಂತ ವಿರುದ್ಧವೇ ಆದರೂ ನ್ಯಾಯದ ಪರ ನಿಲ್ಲಬೇಕೆಂಬುದು ಅಲ್ಲಾಹನ ಆಜ್ಞೆ. ಅದನ್ನು ತನ್ನ ಓಣಿಯಲ್ಲಿ ಪಾಲಿಸುವ ಸಮುದಾಯಕ್ಕೆ ಜಗತ್ತಿನ ಬಲಾಢ್ಯರನ್ನು ಪ್ರಶ್ನಿಸುವ ನೈತಿಕ ಶಕ್ತಿ ತಾನಾಗಿ ಬರುತ್ತದೆ.